ಪರದೆ ವಿಭಾಗದಿಂದ ವ್ಯಕ್ತಿತ್ವ ಪ್ರಶ್ನಾವಳಿಗೆ

ಮಾನ್ಯ ವ್ಯಕ್ತಿತ್ವ ಪ್ರಶ್ನಾವಳಿಯವರೇ,

ಮನೆಬಳಕೆಯ ಸಾಮಾನುಗಳ ದೊಡ್ಡ ಮಳಿಗೆಯೊಂದರ ಮೇಲಿನ ಮಹಡಿಯಲ್ಲಿ, ಹೂವಿನ ಪರದೆಗೂ ಗೆರೆಯ ಪರದೆಗೂ ನಡುವಿನ ಸಂದಿಯಲ್ಲಿ ನಿಂತು ಈ ಪತ್ರ ಬರೆಯುತ್ತಿರುವ ಸಾಹಿತ್ಯ ಪದವೀಧರೆಯ ವಿನಮ್ರ ನಮಸ್ಕಾರಗಳು. ತಮಗೆ ಕೈಗಳಿಲ್ಲವೆಂದು ಬಲ್ಲೆನಾದ್ದರಿಂದ ತಾವು ಪ್ರತಿನಮಸ್ಕಾರದ ಚಿಂತೆ ಮಾಡಬೇಕಾಗಿಲ್ಲ. ಕಣ್ಣು, ಕಿವಿ, ನೆಂಟರಿಷ್ಟರು ಯಾವುದೂ ಇಲ್ಲದಿದ್ದರೂ ಮನುಷ್ಯರ ಅಂತರಂಗವನ್ನು ಕಾಫಿ ಆರುವಷ್ಟರಲ್ಲಿ ಅಳೆದುಬಿಡುವ ತಮ್ಮ ಸಾಮರ್ಥ್ಯದ ಮುಂದೆ, ವರ್ಷಗಟ್ಟಲೆ ಕಾದಂಬರಿ ಓದಿಯೂ ಒಂದು ಪಾತ್ರವನ್ನಾದರೂ ಪೂರ್ತಿ ಅರ್ಥಮಾಡಿಕೊಳ್ಳಲಾಗದ ನಾನು ತಲೆಬಾಗುತ್ತೇನೆ. ತಲೆಬಾಗಿಸುವುದು ನನಗೆ ಅಷ್ಟೇನೂ ಕಷ್ಟವಲ್ಲ. ಹುಟ್ಟಿದಾಗಿನಿಂದ ಅದು ಹೆಚ್ಚುಕಡಿಮೆ ಬಾಗಿಯೇ ಇದೆ.

ನಮ್ಮ ಮೊದಲ ಭೇಟಿ ತಮಗೆ ನೆನಪಿದೆಯೋ ಇಲ್ಲವೋ ತಿಳಿಯದು. ಅದು ಚಪ್ಪಲಿ ಅಂಗಡಿಯವರ ಅರ್ಜಿಯಲ್ಲಿ. "ನಾನು ಅಪರಿಚಿತರೊಡನೆ ಸುಲಭವಾಗಿ ಬೆರೆಯುತ್ತೇನೆ" ಎಂದು ತಾವು ನನ್ನ ಬಾಯಿಂದ ಹೇಳಿಸಿ, ಪೂರ್ತಿ ಒಪ್ಪುತ್ತೇನೆ ಎಂಬಲ್ಲಿಂದ ಹಿಡಿದು ಖಂಡಿತ ಒಪ್ಪುವುದಿಲ್ಲ ಎಂಬಲ್ಲಿಯವರೆಗೆ ಒಂದೊಂದು ಗುಂಡಿ ಇಟ್ಟಿದ್ದಿರಿ. ನಾನು ಓದಿದ ಕಾಲೇಜಿನಲ್ಲಿ ಯಾರಾದರೂ ಒಂದು ಹೇಳಿಕೆ ಕೊಟ್ಟರೆ ಅದರ ಪಕ್ಕದಲ್ಲಿ "ಚರ್ಚಿಸಿ" ಎಂದಿರುತ್ತಿತ್ತು. ಈ ಕಡೆಯಿಂದಲೂ ಆ ಕಡೆಯಿಂದಲೂ ನೋಡಿ, ಕೊನೆಗೆ ಎಲ್ಲಿಯೂ ನಿಲ್ಲದೆ ಮುಗಿಸಿದವರಿಗೆ ಹೆಚ್ಚು ಅಂಕ. ಆದ್ದರಿಂದ ನಾನು ಫೋನಿನ ಪರದೆಯ ಮೇಲೆಲ್ಲ ಉತ್ತರ ಬರೆಯುವ ಖಾಲಿ ಜಾಗ ಹುಡುಕಿದೆ. ಸಿಗಲಿಲ್ಲ. ಅಪರಿಚಿತರೆಂದರೆ ಯಾರು, ಬೆರೆಯುವುದೆಂದರೆ ಎಷ್ಟು, ಮಳೆಗೆ ಒಂದೇ ಸೂರಿನಡಿ ನಿಂತದ್ದೂ ಬೆರೆತಂತೆಯೇ ಎಂದು ಯೋಚಿಸುತ್ತ ಯೋಚಿಸುತ್ತ, ಮೊದಲಿನಿಂದ ಕೊನೆಯವರೆಗೆ "ಸ್ವಲ್ಪಮಟ್ಟಿಗೆ ಒಪ್ಪುತ್ತೇನೆ" ಎಂಬ ನಡುವಿನ ಗುಂಡಿಯನ್ನೇ ಒತ್ತಿದೆ. ತಮ್ಮ ಉತ್ತರ ತಕ್ಷಣ ಬಂತು: ತಮಗೆ ಶುಭವಾಗಲಿ, ಬೇರೆಲ್ಲಾದರೂ.

ಬೇರೆಲ್ಲಾದರೂ ಎಂದರೆ ಪುಸ್ತಕದಂಗಡಿ ಎಂದುಕೊಂಡು ಅಲ್ಲಿಗೆ ಹೋದೆ. ಅಲ್ಲಿಯೂ ತಾವೇ ಇದ್ದಿರಿ. ಸುಗಂಧದ್ರವ್ಯದ ಅಂಗಡಿಯಲ್ಲಿಯೂ ತಾವೇ. ಆಟಿಕೆ ಅಂಗಡಿಯಲ್ಲಂತೂ ತಾವು ಕರಡಿಯ ಚಿತ್ರದ ಹಿಂದೆ ಅಡಗಿಕೊಂಡಿದ್ದಿರಿ. ಸರ್ವಾಂತರ್ಯಾಮಿ ಎಂಬ ಪದವನ್ನು ಪರೀಕ್ಷೆಗಾಗಿ ಕಂಠಪಾಠ ಮಾಡಿದ್ದೆನಾದರೂ ಅದರ ಅರ್ಥ ಅನುಭವಕ್ಕೆ ಬಂದದ್ದು ಆಗಲೇ. ಮೇಲಿಂದ ಮೇಲೆ ಬರುತ್ತಿದ್ದ ತಮ್ಮ ಶುಭಾಶಯಗಳನ್ನು ಕಂಡು, ನರ್ಸ್ ಆಗಿರುವ ನನ್ನ ಅತ್ತಿಗೆ ನನ್ನ ಉತ್ತರಗಳನ್ನೊಮ್ಮೆ ತೆಗೆಸಿ ನೋಡಿದರು. ಅಡ್ಡಗೋಡೆಯ ಮೇಲೆ ದೀಪ ಇಡುವವರಿಗೆ ಯಾವ ಅಂಗಡಿಯವರೂ ಗಲ್ಲಾಪೆಟ್ಟಿಗೆಯ ಕೀಲಿ ಕೊಡುವುದಿಲ್ಲವೆಂದು ತೀರ್ಪು ಕೊಟ್ಟರು.

ಇಲ್ಲಿ ನಮ್ಮ ಮನೆಯ ವಿಷಯ ಒಂದೆರಡು ಮಾತು ಹೇಳುವುದಕ್ಕೆ ಅಪ್ಪಣೆಯಾಗಬೇಕು. ಅಪ್ಪ ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದವರು; ಈಗಲೂ ಎರಡು ಕೋಣೆಯ ಮನೆಯಲ್ಲಿ ಎಲ್ಲರನ್ನೂ ಒಳಕ್ಕೆ ಸರಿಯಿರಿ ಎನ್ನುತ್ತಾರೆ. ಅಮ್ಮ ಹೊಲಿಗೆ ಯಂತ್ರದ ಮುಂದೆ, ಅಜ್ಜಿ ಕಿಟಕಿಯ ಪಕ್ಕ. ಅಣ್ಣ ದೂರದಲ್ಲಿ ಲಾರಿ ಓಡಿಸುತ್ತಾನೆ, ಅವನು ಕಳಿಸುವುದು ಅವನ ಲಾರಿಯಂತೆಯೇ, ಬಂದಾಗ ಬಂತು. ಮನೆ ನಡೆಯುತ್ತಿದ್ದದ್ದು ಅತ್ತಿಗೆಯ ಸಂಬಳದಿಂದ. ಆಸ್ಪತ್ರೆಯಲ್ಲಿ ತಮ್ಮ ಪಾಳಿ ಮುಗಿಸಿ ಇನ್ನೊಬ್ಬರ ಪಾಳಿಯನ್ನೂ ಮಾಡಿ ಬಂದು, ಚಪ್ಪಲಿ ಕಳಚುವ ಮೊದಲೇ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕುಳಿತಲ್ಲೇ ನಿದ್ದೆ ಹೋಗುತ್ತಿದ್ದ ಅವರನ್ನು ನೋಡುತ್ತ, ಪದವಿ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿಕೊಂಡು ಮನೆಯಲ್ಲಿ ಕುಳಿತ ನನಗೆ, ಕಾವ್ಯದ ರಸಗಳಲ್ಲಿ ಇದು ಯಾವುದು ಎಂದು ಹೊಳೆಯುತ್ತಿರಲಿಲ್ಲ.

ಹೀಗಿರಲು ಈ ಮಳಿಗೆಯ ಅರ್ಜಿ ಬಂತು. ತಾವೂ ಬಂದಿರಿ. ಈ ಸಲ ನನ್ನನ್ನು ನಂಬಿ ಬಿಡುವ ಹಾಗಿಲ್ಲವೆಂದು ಇಡೀ ಮನೆಯೇ ಫೋನಿನ ಸುತ್ತ ಕುಳಿತು, ಒಂದೊಂದು ಹೇಳಿಕೆಯನ್ನೂ ಗಟ್ಟಿಯಾಗಿ ಓದಿ, ಕೈ ಎತ್ತಿಸಿ, ಬಹುಮತದಿಂದ ನನ್ನ ವ್ಯಕ್ತಿತ್ವವನ್ನು ತೀರ್ಮಾನಿಸುವುದೆಂದಾಯಿತು. ಗುಂಡಿ ಒತ್ತುವ ಅಧಿಕಾರ ಅತ್ತಿಗೆಯದು. ನನಗೆ ಮತವಿರಲಿಲ್ಲ, ಅಭ್ಯರ್ಥಿ ಮತ ಹಾಕಿಕೊಂಡರೆ ಪಕ್ಷಪಾತವಾಗುತ್ತದೆ ಎಂದು ಅಪ್ಪ ಅಭಿಪ್ರಾಯಪಟ್ಟರು.

"ನನಗೆ ಎಂದೂ ಕೋಪ ಬರುವುದಿಲ್ಲ" ಎಂದು ತಾವು ಕೇಳಿದ್ದೇ ತಡ, ಸಭೆ ಇಬ್ಭಾಗವಾಯಿತು.

"ಕೋಪ ಬರಲ್ವಾ ಇವಳಿಗೆ? ಮೊನ್ನೆ ತಟ್ಟೆ ಕುಕ್ಕಿದ್ದು ಯಾರು ಹಾಗಾದ್ರೆ?" ಎಂದರು ಅಮ್ಮ.

"ಅದು ಕೋಪ ಅಲ್ಲ ಕಣೇ, ಹಸಿವು. ನಿನ್ನ ಗಂಡನೂ ಹಂಗೇ," ಎಂದರು ಅಜ್ಜಿ.

ಗಂಡನಾದವರು ಇದನ್ನು ಆಕ್ಷೇಪಿಸಿದರು. ಅವರ ಆಕ್ಷೇಪವನ್ನು ಅಜ್ಜಿ ಹಸಿವಿನ ಖಾತೆಗೇ ಸೇರಿಸಿದರು. "ನಾನು ಕೆಲಸದ ನಡುವೆ ಕಿಟಕಿಯಿಂದ ಹೊರಗೆ ನೋಡುತ್ತ ಕೂರುತ್ತೇನೆ" ಎಂಬಲ್ಲಿ ಅಜ್ಜಿ, ಇದು ತನ್ನನ್ನೇ ಆಡಿಕೊಳ್ಳುವುದೆಂದು ಮುನಿದು ಮತದಾನ ಬಹಿಷ್ಕರಿಸಿದರು. "ಗುಂಪಿನಲ್ಲಿ ನಾನೇ ಮೊದಲು ಮಾತನಾಡುತ್ತೇನೆ" ಎಂಬುದಕ್ಕೆ ಅಪ್ಪ, ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂದು ಹೇಳಿ ಎರಡೂ ಕೈ ಎತ್ತಿದರು. ನಾನು ಏನೋ ಹೇಳಬೇಕೆಂದು ಬಾಯಿ ತೆರೆದೆ. ಮೊದಲು ಮಾತನಾಡುವವಳು ನಾನೇ ಎಂದು ಅಷ್ಟರಲ್ಲಿ ಸರ್ವಾನುಮತದಿಂದ ಅಂಗೀಕಾರವಾಗಿತ್ತು. ಸಹೋದ್ಯೋಗಿಯೊಬ್ಬಳು ಅಂಗಡಿಯ ಪೆನ್ನನ್ನು ಮನೆಗೆ ಒಯ್ದರೆ ಏನು ಮಾಡುವಿರಿ ಎಂದು ತಾವು ಕೇಳಿದಾಗ ಮಾತ್ರ, ಆಸ್ಪತ್ರೆಯ ಹೆಸರಿದ್ದ ಪೆನ್ನಿನಲ್ಲಿ ಎಲ್ಲರ ಮತ ಗುರುತು ಹಾಕಿಕೊಳ್ಳುತ್ತಿದ್ದ ಅತ್ತಿಗೆ ಯಾರ ಅಭಿಪ್ರಾಯವನ್ನೂ ಕೇಳದೆ ಮುಂದಿನ ಪ್ರಶ್ನೆಗೆ ಹೋದರು.

ತಮ್ಮ ಫಲಿತಾಂಶ ಬಂದಾಗ ಮನೆಯವರೆಲ್ಲ ಒಟ್ಟಿಗೆ ಓದಿದೆವು. ಧೈರ್ಯಶಾಲಿ, ಜನಪ್ರಿಯೆ, ಅನುಭವಿ, ನಾಯಕತ್ವದ ಗುಣವುಳ್ಳವಳು, ಆದರೆ ಕೆಲವೊಮ್ಮೆ ತನ್ನೊಡನೆ ತಾನೇ ಜಗಳವಾಡುತ್ತಾಳೆ ಎಂದು ತಾವು ಬರೆದಿದ್ದಿರಿ. ಮಾನ್ಯರೇ, ತಮ್ಮ ನಿಖರತೆಗೆ ಮಾರುಹೋದೆ. ನಮ್ಮ ಮನೆಯ ಬಗ್ಗೆ ಅಷ್ಟು ಚಿಕ್ಕದಾಗಿ, ಅಷ್ಟು ಚೊಕ್ಕವಾಗಿ ಬರೆದವರು ಇನ್ನೊಬ್ಬರಿಲ್ಲ.

ಕೆಲಸ ಸಿಕ್ಕಿತು. ಅತ್ತಿಗೆ ಇನ್ನೊಬ್ಬರ ಪಾಳಿ ಬಿಟ್ಟರು. ಈಗ ಚಪ್ಪಲಿ ಕಳಚಿ, ಕೈಕಾಲು ತೊಳೆದು, ಹಾಸಿಗೆಯಲ್ಲಿಯೇ ನಿದ್ದೆ ಹೋಗುತ್ತಾರೆ. ಇನ್ನು ನನ್ನ ಬಗ್ಗೆ ಹೇಳುವುದಾದರೆ, ಸಂಕೋಚದವರಿಗೆ ಪರದೆ ವಿಭಾಗಕ್ಕಿಂತ ಪ್ರಶಸ್ತವಾದ ಸ್ಥಳ ಈ ಭೂಮಿಯ ಮೇಲಿಲ್ಲ. ಗಿರಾಕಿಗಳು ಬರುವುದು ಕಂಡರೆ ಮರೆಗೆ ಸರಿಯಬಹುದು, ಸರಿದದ್ದನ್ನು ಯಾರಾದರೂ ಕಂಡರೆ ಬಟ್ಟೆ ಸರಿಪಡಿಸುತ್ತಿದ್ದೆ ಎನ್ನಬಹುದು. ಆದರೂ ವ್ಯಾಪಾರ ನಡೆಯುತ್ತದೆ. ಒಬ್ಬ ಹೆಂಗಸು ಗೋಡೆಗೆ ಎದುರಾಗಿರುವ ಕಿಟಕಿಗೆ ಪರದೆ ಬೇಕೆಂದು ಬಂದರು. ಏನು ಮಾತನಾಡಬೇಕೆಂದು ತೋಚದೆ ನಾನು ಸುಮ್ಮನೆ ನಿಂತಿದ್ದಕ್ಕೆ, ಆ ಗೋಡೆ ಎದ್ದ ಕಥೆ, ಅದನ್ನು ಎಬ್ಬಿಸಿದ ಮೈದುನನ ಕಥೆ, ಅದರಾಚೆ ಮೊದಲು ಕಾಣುತ್ತಿದ್ದ ಮರದ ಕಥೆ ಎಲ್ಲವನ್ನೂ ಹೇಳಿ, ಎಲೆಯ ಚಿತ್ರವಿರುವ ಪರದೆಯನ್ನು ತಾವೇ ಆರಿಸಿಕೊಂಡು, ನಾನು ಬಹಳ ಚೆನ್ನಾಗಿ ಮಾತನಾಡುತ್ತೇನೆಂದು ಹೊಗಳಿ ಹೋದರು.

ಇಷ್ಟು ಸುಖವಾಗಿರುವಾಗ ಪ್ರಾಂತೀಯ ವ್ಯವಸ್ಥಾಪಕರ ಸುತ್ತೋಲೆ ಬಂತು: ಎಲ್ಲ ನೌಕರರೂ ಪ್ರಶ್ನಾವಳಿಯವರಾದ ತಮ್ಮ ಮುಂದೆ ಮತ್ತೊಮ್ಮೆ ಹಾಜರಾಗಬೇಕು, ಮಳಿಗೆಯ ಗೋದಾಮಿನಲ್ಲಿ, ಫೋನನ್ನು ಹೊರಗಿಟ್ಟು, ಒಬ್ಬೊಬ್ಬರೇ ಉತ್ತರಿಸಬೇಕು, ಹಳೆಯ ಉತ್ತರಗಳಿಗೂ ಹೊಸ ಉತ್ತರಗಳಿಗೂ ತಾಳೆಯಾಗದವರ ಸೇವೆ ಅಂದಿಗೇ ಕೊನೆ. ಅದು ನಾಳೆ.

ಸುತ್ತೋಲೆ ಬಂದ ದಿನ ಊಟದ ಹೊತ್ತಿನಲ್ಲಿ ಗೋದಾಮಿನಲ್ಲಿ ಯಾರ ಡಬ್ಬಿಯೂ ತೆರೆಯಲಿಲ್ಲ. ನನ್ನ ಮುಖ ಬಿಳುಚಿದ್ದು ಕಂಡು, ನಾವೆಲ್ಲ ದೊಡ್ಡಕ್ಕ ಎಂದು ಕರೆಯುವ ಮೇಲ್ವಿಚಾರಕಿ ಏನೆಂದು ಕೇಳಿದರು. ಅತ್ತು ಬಿಡುವ ಭಯದಲ್ಲಿ ನಾನು ಮನೆಯ ಚುನಾವಣೆಯ ಕಥೆಯನ್ನು ಒಂದೇ ಉಸಿರಿಗೆ ಹೇಳಿದೆ. ಬೈಗುಳಕ್ಕೆ ಸಿದ್ಧಳಾಗಿ ನಿಂತರೆ, ದೊಡ್ಡಕ್ಕ ಒಂದು ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟರು. ಅವರ ಪ್ರಶ್ನಾವಳಿಗೆ ಉತ್ತರಿಸಿದ್ದು ಅವರ ಯಜಮಾನರಂತೆ. ಅಪಾರ ತಾಳ್ಮೆಯುಳ್ಳವರು, ಇನ್ನೊಬ್ಬರ ಮಾತನ್ನು ಕೊನೆಯವರೆಗೂ ಕೇಳುವವರು ಎಂದು ತಾವು ಫಲಿತಾಂಶ ಕೊಟ್ಟಿದ್ದಿರಿ.

"ಅಂಥ ಮನುಷ್ಯ ನನ್ನ ಮನೇಲೇ ಇದ್ದಾನೆ ಅಂತ ನನಗೆ ಇವತ್ತಿನವರೆಗೂ ಗೊತ್ತಾಗಿಲ್ಲ ನೋಡು," ಎಂದರು ದೊಡ್ಡಕ್ಕ.

ಕಟ್ಟೆಯೊಡೆದಂತಾಯಿತು. ಸೇನೆಯ ಮುಖವನ್ನೇ ನೋಡದಿದ್ದರೂ ಮೀಸೆಯ ದೆಸೆಯಿಂದ ಮಿಲಿಟರಿ ಮಾವ ಎನಿಸಿಕೊಂಡಿರುವ ನಮ್ಮ ಕಾವಲುಗಾರರು ಬಾಗಿಲಿಂದಲೇ ಬಾಯಿಬಿಟ್ಟರು. ಅವರ ಪರವಾಗಿ ಉತ್ತರಿಸಿದ್ದು ವಿಮೆ ಮಾರುವ ಅಳಿಯ.

"ಅವನು ಜನರ ಜೊತೆ ಬೆರೀತಾನೆ, ನಾನು ಜನರನ್ನ ತಡೀತೀನಿ. ನನ್ನ ಕೆಲಸ ಯಾವುದು, ನೀವೇ ಹೇಳಿ," ಎಂದು ಅವರು ನಮ್ಮನ್ನೇ ಕೇಳಿದರು.

ದಿಂಬು ವಿಭಾಗದ ಇಬ್ಬರು ಗೆಳೆಯರು, ತಮ್ಮ ಬಗ್ಗೆ ತಾವೇ ಹೊಗಳಿಕೊಳ್ಳಲು ನಾಚಿಕೆಯಾಗಿ, ಇವನದನ್ನು ಅವನು, ಅವನದನ್ನು ಇವನು ತುಂಬಿದ್ದರಂತೆ. ತಾವು ಆಯ್ಕೆ ಮಾಡಿದವರ ಪೈಕಿ ದಿನವೂ ಕೆಲಸಕ್ಕೆ ಬರುತ್ತಿರುವ ವ್ಯಕ್ತಿತ್ವಗಳು ಇವೆರಡೇ. ಅಂಗಿ ಮಾತ್ರ ಅದಲುಬದಲು. ಉಳಿದಂತೆ ತಾವು ಅತ್ಯಂತ ಕಾಳಜಿಯಿಂದ ಹೆಕ್ಕಿ ತೆಗೆದ ಧೀರರು, ಶಾಂತಮೂರ್ತಿಗಳು, ಹುಟ್ಟು ನಾಯಕರು ಎಲ್ಲರೂ ತಂತಮ್ಮ ಮನೆಗಳಲ್ಲಿ ಹಾಯಾಗಿದ್ದಾರೆ. ಇಲ್ಲಿ ಬಕೀಟು, ಪರದೆ, ದಿಂಬು ಮಾರುತ್ತಿರುವವರು ತಮಗೆ ಪರಿಚಯವೇ ಇಲ್ಲದವರು. ಈ ಸಂಗತಿ ಹೊರಬಿದ್ದಾಗ ಮೊದಲು ನಕ್ಕದ್ದು ಯಾರೋ ತಿಳಿಯದು. ಆಮೇಲೆ ನಗು ನಿಲ್ಲಿಸಲು ಯಾರಿಂದಲೂ ಆಗಲಿಲ್ಲ. ಮಿಲಿಟರಿ ಮಾವ ಮೀಸೆ ಹಿಡಿದುಕೊಂಡು ನಕ್ಕರು. ಒಬ್ಬ ಗಿರಾಕಿ ಗೋದಾಮಿನೊಳಗೆ ಇಣುಕಿ, ಇಲ್ಲಿ ಏನು ಮಾರುತ್ತೀರಿ, ನನಗೂ ಒಂದು ಕೊಡಿ ಎಂದರು.

ಮನೆಗೆ ಬಂದು ಹಳೆಯ ಉತ್ತರಗಳನ್ನು ನೆನಪಿಸಿಕೊಳ್ಳಲು ಸಭೆ ಕರೆದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಅಮ್ಮ ಈಗ ಇವಳಿಗೆ ಕೋಪವೇ ಬರುವುದಿಲ್ಲ ಎನ್ನುತ್ತಾರೆ. ಅಜ್ಜಿ, ತಾನು ಮತ ಹಾಕಿದ್ದೇ ಇಲ್ಲ, ಅದು ಯಾವುದೋ ಬೇರೆ ಮುದುಕಿ ಎನ್ನುತ್ತಾರೆ. ಅಪ್ಪ ಎರಡು ಕೈಗಳನ್ನು ಯಾವ ಪ್ರಶ್ನೆಗೆ ಎತ್ತಿದ್ದೆನೆಂದು ಯೋಚಿಸುತ್ತ ಎರಡೂ ಕೈ ಎತ್ತಿಕೊಂಡೇ ಕುಳಿತಿದ್ದರು. ನನ್ನ ಕೆಲಸ ಹೋದರೆ ಮತ್ತೆ ಪಾಳಿಯ ಮೇಲೆ ಪಾಳಿ ಮಾಡಬೇಕಾಗುತ್ತದೆಂದು ಯಾರೂ ಬಾಯಿಬಿಟ್ಟು ಹೇಳದ ಮಾತನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಅತ್ತಿಗೆ, ಗಲಾಟೆಯೆಲ್ಲ ಮುಗಿದ ಮೇಲೆ ನನ್ನ ಕಡೆ ತಿರುಗಿದರು.

"ಈ ಸಲ ನಿನಗೆ ಅನಿಸಿದ್ದನ್ನೇ ಒತ್ತಿ ಬಾ. ಇಷ್ಟು ದಿನ ಅಲ್ಲಿ ನಿಂತು ಕೆಲಸ ಮಾಡಿದ್ದು ನೀನು ತಾನೆ? ನಾವ್ಯಾರೂ ಒಂದು ಪರದೆ ಮಾರಿಲ್ಲ."

ಆದಕಾರಣ, ಮಾನ್ಯರೇ, ತಮ್ಮಲ್ಲಿ ನನ್ನ ಮತ್ತು ಗೋದಾಮಿನ ಸಮಸ್ತರ ಬಿನ್ನಹಗಳು ಹೀಗಿವೆ. ತಮಗೆ ಹಳೆಯ ಉತ್ತರಗಳೇ ಬೇಕೆಂದಾದರೆ, ನಾಳೆ ಗೋದಾಮಿನಲ್ಲಿ ಅಪ್ಪ, ಅಮ್ಮ, ಅಜ್ಜಿ, ಅತ್ತಿಗೆಗೂ, ದೊಡ್ಡಕ್ಕನ ಯಜಮಾನರಿಗೂ, ವಿಮೆಯ ಅಳಿಯನಿಗೂ ಕುರ್ಚಿ ಹಾಕಿಸಬೇಕು. ಅಜ್ಜಿಯದು ಕಿಟಕಿಯ ಪಕ್ಕವಿರಬೇಕು, ಗೋದಾಮಿಗೆ ಕಿಟಕಿಯಿಲ್ಲವಾದ್ದರಿಂದ ಒಂದನ್ನು ಕೊರೆಸಬೇಕು, ಪರದೆ ನಾನು ಕೊಡುತ್ತೇನೆ. ಅದು ಸಾಧ್ಯವಿಲ್ಲವಾದರೆ ತಾವೇ ಒಂದು ವಾರ ಮೇಲಿನ ಮಹಡಿಗೆ ಬಂದು ನನ್ನ ಜಾಗದಲ್ಲಿ ನಿಲ್ಲಬೇಕು. ಬಟ್ಟೆಯನ್ನು ಬೆಳಕಿಗೆ ಹಿಡಿದು, ಮುಟ್ಟಿ, ಮೂಸಿ, ಕಡೆಗೆ ಅದರಲ್ಲೇ ಕೈ ಒರೆಸಿಕೊಂಡು ಹೋಗುವವರ ಹಿಂದೆ ನಗುತ್ತ ನಿಂತು, "ನನಗೆ ಎಂದೂ ಕೋಪ ಬರುವುದಿಲ್ಲ" ಎಂಬುದಕ್ಕೆ ತಾವು ಯಾವ ಗುಂಡಿ ಒತ್ತುವಿರೆಂದು ನೋಡುವ ಕುತೂಹಲ ನಮಗೆಲ್ಲರಿಗೂ ಇದೆ.

ಎರಡೂ ಆಗದಿದ್ದಲ್ಲಿ, ನಾವು ಇಂದು ಗೋದಾಮಿನಲ್ಲಿ ಮತ್ತೆ ಕೂಡಿ ಮಾಡಿಕೊಂಡ ನಿರ್ಧಾರವನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ. ನಾಳೆ ಯಾರೂ ಯಾರ ಪರವಾಗಿಯೂ ಉತ್ತರಿಸುವುದಿಲ್ಲ. ಮಿಲಿಟರಿ ಮಾವ ಜನರೊಡನೆ ಬೆರೆಯುವುದಿಲ್ಲ ಎನ್ನಲಿದ್ದಾರೆ. ದೊಡ್ಡಕ್ಕ ತಾಳ್ಮೆಯ ಪ್ರಶ್ನೆಯನ್ನು ಪೂರ್ತಿ ಓದುವ ಮೊದಲೇ ಗುಂಡಿ ಒತ್ತಲಿದ್ದಾರೆ. ಗುಂಪಿನಲ್ಲಿ ನಾನೇ ಮೊದಲು ಮಾತನಾಡುತ್ತೇನೆ ಎಂದು ತಾವು ಕೇಳಿದಾಗ, ನಡುವಿನ ಗುಂಡಿಯನ್ನು ದಾಟಿ, ತೀರ ಕೊನೆಯದನ್ನು, ಖಂಡಿತ ಒಪ್ಪುವುದಿಲ್ಲ ಎಂಬುದನ್ನು, ನನ್ನ ಬೆರಳಿನಿಂದಲೇ ಒತ್ತಲಿದ್ದೇನೆ. ಒಬ್ಬರದೂ ತಾಳೆಯಾಗದು. ಸುತ್ತೋಲೆಯ ಪ್ರಕಾರ ತಾವು ಎಲ್ಲರನ್ನೂ ಅಂದಿಗೇ ಮನೆಗೆ ಕಳಿಸಬೇಕಾಗುತ್ತದೆ, ಮಳಿಗೆಯ ಬಾಗಿಲು ಎಳೆಯುವುದಕ್ಕೂ ಒಬ್ಬರೂ ಉಳಿಯುವುದಿಲ್ಲ. ಬಾಗಿಲು ಸ್ವಲ್ಪ ಬಿಗಿ, ಎಡಗಾಲಿನಿಂದ ಒದ್ದು ಎಳೆಯಬೇಕು. ಕಾಲಿನ ವಿಷಯದಲ್ಲಿ ತಮ್ಮ ಪರಿಸ್ಥಿತಿ ಹೇಗಿದೆಯೋ ಅರಿಯೆ.

ತಮ್ಮ ಆಯುರಾರೋಗ್ಯವನ್ನೂ ವಿದ್ಯುತ್ ಸಂಪರ್ಕವನ್ನೂ ಹಾರೈಸುತ್ತ,

ಈ ಸಲ ಖುದ್ದಾಗಿ
ತಮ್ಮ ವಿಶ್ವಾಸಿ,
ಪರದೆ ವಿಭಾಗದವಳು

ಮರೆತ ಮಾತು: ಪತ್ರ ಮಡಚುವಷ್ಟರಲ್ಲಿ ದೊಡ್ಡಕ್ಕನಿಗೆ ಫೋನ್ ಬಂತು. ಮಾತನಾಡಿದವರು ಸುತ್ತೋಲೆ ಹೊರಡಿಸಿದ ಪ್ರಾಂತೀಯ ವ್ಯವಸ್ಥಾಪಕರೇ. ಆ ಸುತ್ತೋಲೆ ತನಗೂ ಅನ್ವಯಿಸುತ್ತದೆಂದು ಅವರಿಗೆ ಈಗಷ್ಟೇ ತಿಳಿಯಿತಂತೆ. ಕೆಲಸಕ್ಕೆ ಸೇರುವಾಗ ಅವರ ಪ್ರಶ್ನಾವಳಿ ತುಂಬಿದ್ದ ಅವರ ಶ್ರೀಮತಿಯವರು ಮುನಿಸಿಕೊಂಡು ತವರಿಗೆ ಹೋಗಿದ್ದಾರೆ, ಕರೆ ಸ್ವೀಕರಿಸುತ್ತಿಲ್ಲ. ತಾನು ಎಂಥ ವ್ಯಕ್ತಿಯೆಂದು ನಿಮ್ಮಲ್ಲಿ ಯಾರಿಗಾದರೂ ಗೊತ್ತೇ ಎಂದು ಬಹಳ ಮೆಲ್ಲಗೆ ಕೇಳಿದರು. ಅವರ ಹಳೆಯ ಉತ್ತರಗಳು ತಮ್ಮ ಬಳಿ ಇರುವುದಾದರೆ ದಯವಿಟ್ಟು ತೋರಿಸಬೇಡಿ. ನಾಳೆ ನಮ್ಮ ಜೊತೆಗೇ ಬಂದು ಕುಳಿತುಕೊಳ್ಳಲಿ.