ಎಂಟನೇ ಕ್ರಾಸಿನ ದೋಣಿ

ಮೂವತ್ತೆರಡು ವರ್ಷ ನಾನು ಭೂಗೋಳ ಪಾಠ ಮಾಡಿದ್ದೇನೆ. ಪೆಸಿಫಿಕ್ ಸಾಗರದ ಆಳ, ಹಿಂದೂ ಮಹಾಸಾಗರದ ಮಾರುತಗಳು, ನೈಲ್ ನದಿಯ ಉದ್ದ, ಎಲ್ಲವೂ ನನ್ನ ನಾಲಿಗೆಯ ತುದಿಯಲ್ಲಿವೆ. ಜಗತ್ತಿನ ಅಷ್ಟೂ ನೀರನ್ನು ಸೀಮೆಸುಣ್ಣದಲ್ಲಿ ಬರೆದು ಒರೆಸಿದವನಿಗೆ ಹನ್ನೆರಡು ಅಡಿಯ ದೋಣಿ ಯಾವ ಲೆಕ್ಕ! ಬಚ್ಚಲುಮನೆ ಬಿಟ್ಟರೆ ನಾನು ಇನ್ನೆಲ್ಲೂ ನೀರಿಗೆ ಇಳಿದವನಲ್ಲ ಎಂಬುದು ನಿಜ. ಆದರೆ ಅಮೆರಿಕವನ್ನು ನೋಡದೆಯೇ ಅಮೆರಿಕದ ಪಾಠ ಮಾಡಿರಲಿಲ್ಲವೇ?

ದೋಣಿ ಕೊಂಡದ್ದು ನನ್ನ ಹೆಂಡತಿ ಶಾರದೆಗಾಗಿ. ಅವಳದು ಶರಾವತಿ ದಡದ ಊರು. ಹೈಸ್ಕೂಲಿಗೂ ಕಾಲೇಜಿಗೂ ದಿನಾ ಹೊಳೆ ದಾಟಿ ಹೋದವಳು. ಮದುವೆಯಾಗಿ ಬೆಂಗಳೂರಿನ ಬಸವೇಶ್ವರನಗರಕ್ಕೆ ಹೊರಟ ದಿನ ಅವಳು ಹೊಳೆಯ ಕಡೆ ತಿರುಗಿ ತಿರುಗಿ ನೋಡುತ್ತಿದ್ದಳು. ಕನಿಕರ ಬಂದು, ವರ್ಷಕ್ಕೊಂದು ಸಲವಾದರೂ ದೋಣಿ ಹತ್ತಿಸುತ್ತೇನೆ ಎಂದು ಮಾತು ಕೊಟ್ಟೆ. ಅದಾಗಿ ಮೂವತ್ತು ವರ್ಷವಾಯಿತು. ಒಂದು ಸಲವೂ ಹತ್ತಿಸಲಿಲ್ಲ. ರಜೆ ಬಂದರೆ ಮೌಲ್ಯಮಾಪನ, ಇಲ್ಲವೇ ಚುನಾವಣೆ ಕೆಲಸ, ಎರಡೂ ಇಲ್ಲದಿದ್ದರೆ ನನ್ನ ಸೋಮಾರಿತನ. ಅವಳು ಒಮ್ಮೆ ನೆನಪಿಸಿದ್ದರೂ ಜಗಳವಾಡಿ ಹಗುರಾಗಬಹುದಿತ್ತು. ಆಕೆ ಏನೂ ಅನ್ನದೆ ಇದ್ದದ್ದೇ ನನ್ನನ್ನು ಚುಚ್ಚುತ್ತಿತ್ತು.

ನಿವೃತ್ತಿಯಾದ ಮೇಲೆ ಒಂದು ದಿನ ಫೋನಿನಲ್ಲಿ ಹಳೆಯ ಸೋಫಾ ಹುಡುಕುತ್ತಿದ್ದಾಗ ಹಳೆಯ ಮೋಟರ್ ಬೋಟ್ ಕಣ್ಣಿಗೆ ಬಿತ್ತು. ಮುಚ್ಚಿಹೋದ ಯಾವುದೋ ರೆಸಾರ್ಟಿನದು. ಫೈಬರಿನ ಮೈ, ಹಿಂದಕ್ಕೆ ಸಿಕ್ಕಿಸುವ ಪುಟ್ಟ ಇಂಜಿನ್, ಎಳೆದುಕೊಂಡು ಹೋಗಲು ಎರಡು ಚಕ್ರದ ಗಾಡಿ, ಜೊತೆಗೆ ಒಂದು ಲೈಫ್ ಜಾಕೆಟ್. ಸೋಫಾ ಮರೆತೇಹೋಯಿತು.

ದೋಣಿ ಮನೆಗೆ ಬಂತು. ಅದು ಹನ್ನೆರಡು ಅಡಿ, ನಮ್ಮ ಪೋರ್ಟಿಕೋ ಹನ್ನೊಂದು ಅಡಿ. ಭೂಗೋಳದ ಮೇಷ್ಟ್ರಿಗೆ ಗಣಿತವೂ ಬರಬೇಕೆಂದು ಯಾವ ಸುತ್ತೋಲೆಯೂ ಇಲ್ಲ. ಗೇಟು ಹಾಕಲಾಗದೆ ದೋಣಿಯ ಮೂತಿ ಎಂಟನೇ ಕ್ರಾಸಿಗೆ ಒಂದಡಿ ಚಾಚಿಕೊಂಡಿತು. ಮಾರನೇ ದಿನದಿಂದ ಹಾಲಿನವನು ಅದರ ಮೇಲೆಯೇ ಪ್ಯಾಕೆಟ್ ಇಟ್ಟು ಹೋಗತೊಡಗಿದ.

ಶಾರದೆ ದೋಣಿಯನ್ನು ಒಂದು ಸುತ್ತು ಹಾಕಿದಳು. ಬೆರಳ ಗೆಣ್ಣಿನಿಂದ ಅಲ್ಲಲ್ಲಿ ಬಡಿದಳು. ಬಗ್ಗಿ ತಳ ನೋಡಿದಳು. ಮುಖ ಅರಳಿದ್ದನ್ನು ಅವಳು ಬಚ್ಚಿಡಲು ನೋಡಿದರೂ ಆಗಲಿಲ್ಲ.

"ತಳ ಗಟ್ಟಿಯಾಗಿದೆ. ಇಂಜಿನ್ ಮಾತ್ರ ನಂಬಬೇಡಿ" ಎಂದಳು.

ಅದನ್ನೆಲ್ಲ ನನಗೆ ಬಿಡು ಎಂದೆ. ಫೋನಿನಲ್ಲಿ ಅದಾಗಲೇ ಒಂಬತ್ತು ವಿಡಿಯೋ ನೋಡಿ ಮುಗಿಸಿದ್ದೆ.

ರಾಮನಗರದ ಆಚೆಯ ಹಳ್ಳಿಯೊಂದರಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ಪಂಚಾಯಿತಿ ಸದಸ್ಯನಾಗಿದ್ದಾನೆ. ಊರ ಕೆರೆಗೆ ದೋಣಿ ಇಳಿಸಲು ಬೇಕಾದ ಒಪ್ಪಿಗೆಯನ್ನೆಲ್ಲ ಅವನೇ ಪಡೆದುಕೊಟ್ಟ. ಆದರೆ ಮುಂದಿನ ವಾರದಿಂದಲೇ ಹೂಳೆತ್ತಲು ಕೆರೆಯ ನೀರನ್ನು ಹೊರಬಿಡುತ್ತಾರಂತೆ. ಈ ಭಾನುವಾರ ತಪ್ಪಿದರೆ ಎರಡು ಮಳೆಗಾಲ ಕಾಯಬೇಕು ಎಂದ. ಮೂವತ್ತು ವರ್ಷದ ಬಾಕಿ ತೀರಿಸಲು ನನಗೆ ಸಿಕ್ಕಿದ್ದು ಆರು ದಿನ.

ಮಂಗಳವಾರ ದೋಣಿ ಸೋರುತ್ತದೆಯೇ ಎಂದು ಪರೀಕ್ಷಿಸಲು ನಿರ್ಧರಿಸಿದೆ. ಬಿಂದಿಗೆ ಸೋರುತ್ತದೆಯೇ ಎಂದು ಹೇಗೆ ನೋಡುತ್ತೇವೆ? ನೀರು ತುಂಬಿ ನೋಡುತ್ತೇವೆ. ದೋಣಿ ಎಂದರೆ ದೊಡ್ಡ ಬಿಂದಿಗೆ ತಾನೇ! ನೆಲದಡಿಯ ಸಂಪಿನ ಪಂಪಿಗೆ ಪೈಪು ಸಿಕ್ಕಿಸಿ ದೋಣಿಯೊಳಗೆ ನೀರು ಬಿಟ್ಟು, ಪೇಪರ್ ಓದುತ್ತಾ ಕುಳಿತೆ. ಸಂಪಾದಕೀಯ ಮುಗಿಯುವ ಹೊತ್ತಿಗೆ ದೋಣಿ ಕಂಠಮಟ್ಟ ತುಂಬಿತ್ತು. ಒಂದು ಹನಿಯೂ ಸೋರಲಿಲ್ಲ. ಶಾರದೆಯನ್ನು ಕರೆದು ತೋರಿಸೋಣ ಎಂದು ಎದ್ದೆ. ಆಗ ಢಂ ಎಂದು ಗಾಡಿಯ ಒಂದು ಟೈರು ಒಡೆಯಿತು. ಅದಕ್ಕೆ ಸಂಗಾತಿ ಬೇಡವೇ ಎಂದು ಇನ್ನೊಂದೂ ಒಡೆಯಿತು.

ಮಹಡಿಯ ಬಾಡಿಗೆದಾರ ಕಿರಣ್ ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಕೆಳಗಿಳಿದು ಬಂದ. ಪೈಪನ್ನು ದೋಣಿಗೆ ಬಿಟ್ಟಿದ್ದರಿಂದ ಮೇಲಿನ ಟ್ಯಾಂಕ್ ಖಾಲಿ, ಸಂಪೂ ಖಾಲಿ. ಕಾವೇರಿ ನೀರು ಇನ್ನು ಬರುವುದು ಗುರುವಾರ. ಅವನು ನನ್ನನ್ನೂ ನೋಡಿ ದೋಣಿಯನ್ನೂ ನೋಡಿದ. ಬಕೆಟ್ ತಂದು ತುಂಬಿಕೊಂಡು ಹೋದ. ಅದನ್ನು ಕಂಡು ಪಕ್ಕದ ಮನೆಯವರೂ ಬಂದರು. ಹೀಗೆ ನನ್ನ ದೋಣಿ ಕೆರೆ ನೋಡುವ ಮೊದಲೇ ತಾನೇ ಒಂದು ಕೆರೆಯಾಗಿ ಎಂಟನೇ ಕ್ರಾಸಿಗೆ ಎರಡು ದಿನ ಸೇವೆ ಸಲ್ಲಿಸಿತು.

"ಹೊರಗಿನ ನೀರು ಒಳಗೆ ಬರುತ್ತಾ ಅಂತಲ್ವಾ ನೋಡ್ಬೇಕಾಗಿದ್ದು" ಎಂದಳು ಶಾರದೆ. ನಾನು ಟೈರು ಬಿಚ್ಚಿಕೊಂಡು ಪಂಕ್ಚರ್ ಅಂಗಡಿಗೆ ಹೋದೆ.

ಗುರುವಾರ ಸಂಪು ತುಂಬಿತು. ಇನ್ನು ಇಂಜಿನ್ನಿನ ಸರದಿ. ಇಲ್ಲಿ ಎದುರುಮನೆಯ ರಾಮಚಂದ್ರಪ್ಪನವರನ್ನು ಪರಿಚಯಿಸಬೇಕು. ಕಾರ್ಖಾನೆಯೊಂದರಲ್ಲಿ ಲೇತ್ ನಡೆಸಿ ನಿವೃತ್ತರಾದವರು. ಯಾವ ಯಂತ್ರವನ್ನಾದರೂ ಬಿಚ್ಚಬಲ್ಲರು. ಜೋಡಿಸುವ ವಿಷಯ ಬೇರೆ. ದೋಣಿಯ ಇಂಜಿನ್ನನ್ನು ಒಣಗಿದ ಜಾಗದಲ್ಲಿ ಓಡಿಸಬಾರದು, ಅದರ ಬಾಲ ನೀರಿನಲ್ಲಿ ಮುಳುಗಿರಬೇಕು ಎಂದು ವಿಡಿಯೋದಲ್ಲಿ ಹೇಳಿದ್ದರು. ನಾನು ಒಂದು ಡ್ರಮ್ ತರಲು ಹೊರಟಿದ್ದೆ.

"ಡ್ರಮ್ ಯಾಕೆ ಮೇಷ್ಟ್ರೇ? ಸಂಪ್ ಇದೆಯಲ್ಲ" ಎಂದರು ರಾಮಚಂದ್ರಪ್ಪ.

ಇಷ್ಟು ಸರಳವಾದ ಉಪಾಯ ನನಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಸಂಪಿನ ಬಾಯಿಗೆ ಅಡ್ಡಲಾಗಿ ಹಲಗೆ ಇಟ್ಟು, ಅದಕ್ಕೆ ಇಂಜಿನ್ ಬಿಗಿದು, ಬಾಲವನ್ನು ನೀರಿಗೆ ಇಳಿಸಿದೆವು. ಹಗ್ಗ ಎಳೆದರೆ ಶುರುವಾಗುತ್ತದೆ ಎಂದು ಶಾಸ್ತ್ರ. ನಾನು ಇಪ್ಪತ್ತು ಸಲ ಎಳೆದೆ, ಅವರು ಇಪ್ಪತ್ತು ಸಲ ಎಳೆದರು. ಇಂಜಿನ್ ಒಮ್ಮೆ ಕೆಮ್ಮಿತು. ರಾಮಚಂದ್ರಪ್ಪ ಏನನ್ನೋ ಬಿಚ್ಚಿ, ಊದಿ, ಸಿಕ್ಕಿದಷ್ಟನ್ನು ವಾಪಸ್ ಹಾಕಿದರು. ನಾನು ಕಣ್ಣು ಮುಚ್ಚಿ ಮತ್ತೆ ಎಳೆದೆ.

ಶುರುವಾಯಿತು! ಅಬ್ಬಾ, ಅದೇನು ಗರ್ಜನೆ! ಕ್ರಾಸಿನ ಅಷ್ಟೂ ನಾಯಿಗಳು ಒಟ್ಟಿಗೆ ಬೊಗಳಿದವು. ನಾವಿಬ್ಬರೂ ಕೈ ಕುಲುಕಿದೆವು. ಅದನ್ನು ನಿಲ್ಲಿಸುವುದು ಹೇಗೆ ಎಂಬುದು ಹತ್ತನೇ ವಿಡಿಯೋದಲ್ಲಿ ಇತ್ತೆಂದು ಆಮೇಲೆ ತಿಳಿಯಿತು. ಇಂಜಿನ್ನಿನ ಬಾಲದ ರೆಕ್ಕೆ ಸಂಪನ್ನು ಮಜ್ಜಿಗೆಯಂತೆ ಕಡೆಯಿತು. ಹನ್ನೆರಡು ವರ್ಷದಿಂದ ತಳದಲ್ಲಿ ನೆಮ್ಮದಿಯಾಗಿ ಮಲಗಿದ್ದ ಕೆಸರೆಲ್ಲ ಎದ್ದು ಬಂತು, ಅದರ ಮೇಲೆ ಇಂಜಿನ್ನಿನ ಎಣ್ಣೆ ಬಣ್ಣಬಣ್ಣವಾಗಿ ಹರಡಿತು. ಇದೇ ಶುಭಮುಹೂರ್ತದಲ್ಲಿ ನೀರಿನ ಪಂಪು ತಾನಾಗಿಯೇ ಆನ್ ಆಗಿ, ಈ ಕಷಾಯವನ್ನು ಮೇಲಿನ ಟ್ಯಾಂಕಿಗೆ ಏರಿಸತೊಡಗಿತು.

ಸ್ವಲ್ಪ ಹೊತ್ತಿಗೆ ಕಿರಣ್ ಟವೆಲ್ಲಿನಲ್ಲಿ ಇಳಿದು ಬಂದ. ಮೈಯೆಲ್ಲ ಬೂದಿ ಬಣ್ಣ. ತಲೆಯಲ್ಲಿ ಶಾಂಪೂ ನೊರೆ.

"ಸಾರ್, ತಪ್ಪು ತಿಳ್ಕೋಬೇಡಿ. ನೀರಲ್ಲಿ ಪೆಟ್ರೋಲ್ ವಾಸನೆ ಬರ್ತಿದೆ."

ಪಾಪ, ಒಳ್ಳೆಯ ಮನೆತನದ ಹುಡುಗ. ಬೇರೆಯವನಾಗಿದ್ದರೆ ಅಂದೇ ಮನೆ ಖಾಲಿ ಮಾಡುತ್ತಿದ್ದ. ಶಾರದೆ ಅವನನ್ನು ಕೂರಿಸಿ ಕುಡಿಯುವ ನೀರಿನ ಕ್ಯಾನಿನಿಂದ ಅವನ ತಲೆ ತೊಳೆದಳು. ಶುಕ್ರವಾರ ಪೂರ್ತಿ ನಾನು ಲುಂಗಿ ಎತ್ತಿಕಟ್ಟಿ ಸಂಪಿನೊಳಗೆ ಇಳಿದು ಉಜ್ಜಿದೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನನಗೆ ಕೈ, ಕಾಲು, ಬಾಯಿ ಎಲ್ಲವೂ ಕೆಸರಾಯಿತು.

ಶನಿವಾರ ಪೂಜೆ. ಗಾಡಿ ಕೊಂಡ ಮೇಲೆ ಪೂಜೆ ಮಾಡಿಸದೆ ರಸ್ತೆಗೆ ಇಳಿಸಿದವರು ನಮ್ಮ ಕ್ರಾಸಿನಲ್ಲಿ ಇಲ್ಲ. ಬೀದಿಯ ಕೊನೆಯ ಗಣಪತಿ ಗುಡಿಯ ಅರ್ಚಕರು ಬಂದರು. ಹೂವಿನ ಹಾರ, ಅರಿಶಿನ ಕುಂಕುಮ, ಮೂತಿಗೆ ಸ್ವಸ್ತಿಕ ಎಲ್ಲ ಆಯಿತು. ಚಕ್ರಕ್ಕೊಂದರಂತೆ ನಿಂಬೆಹಣ್ಣು ಇಡಬೇಕು. ರೂಢಿಯಂತೆ ನಾಲ್ಕು ತಂದಿದ್ದೆ, ಗಾಡಿಗೆ ಇದ್ದದ್ದು ಎರಡೇ ಚಕ್ರ. ಉಳಿದ ಎರಡನ್ನು ಪಾನಕಕ್ಕೆ ಕೊಡಿ ಎಂದು ಅರ್ಚಕರು ಸಮಯಸ್ಫೂರ್ತಿ ತೋರಿದರು. ಆಮೇಲೆ ನನ್ನ ಕೈಗೆ ತೆಂಗಿನಕಾಯಿ ಕೊಟ್ಟು, ಗಾಡಿಯ ಮುಂದೆ ಒಡೆಯಿರಿ ಎಂದರು.

ಮುಂದೆ ಎಂದರೆ ದೋಣಿಯ ಮುಂದಿನ ನೆಲದ ಮೇಲೆ ಎಂದು ಹುಟ್ಟಿದ ಮಗುವಿಗೂ ಗೊತ್ತು. ಆದರೆ ದೊಡ್ಡ ದೊಡ್ಡ ಹಡಗುಗಳ ಮೂತಿಗೇ ಬಾಟಲಿ ಒಡೆಯುವ ಪದ್ಧತಿಯ ಬಗ್ಗೆ ನಾನು ಓದಿದ್ದೆ. ಓದಿದವನ ತೊಂದರೆಯೇ ಇದು. ಇಡೀ ಕ್ರಾಸು ನೋಡುತ್ತಿತ್ತು. ಕಾಯಿಯನ್ನು ತಲೆಯ ಮೇಲಕ್ಕೆತ್ತಿ, ಗಣಪತಿಯನ್ನು ನೆನೆದು, ದೋಣಿಯ ಮೂತಿಗೆ ಬೀಸಿ ಹೊಡೆದೆ.

ಕಾಯಿ ಒಡೆಯಲಿಲ್ಲ. ದೋಣಿ ಒಡೆಯಿತು.

ಒಂದು ಗೇಣುದ್ದದ ಬಿರುಕು. ಕಾಯಿ ಉರುಳಿಕೊಂಡು ಹೋಗಿ ರಾಮಚಂದ್ರಪ್ಪನವರ ಗೇಟಿನ ಬಳಿ ನಿಂತಿತು. ಯಾರೂ ನಗಲಿಲ್ಲ, ಅದರಿಂದಲೇ ನನಗೆ ಹೆಚ್ಚು ನೋವಾಯಿತು. ಅರ್ಚಕರು ಪೆಚ್ಚು ಮುಖ ಮಾಡಿಕೊಂಡು, ದೃಷ್ಟಿ ಹೋಯಿತು ಬಿಡಿ ಎಂದರು. ನಾನು ಒಳಗೆ ಹೋಗಿ ಕುರ್ಚಿಯಲ್ಲಿ ಕುಳಿತುಬಿಟ್ಟೆ. ನಾಳೆ ಭಾನುವಾರ. ಮೂವತ್ತು ವರ್ಷ ಸುಮ್ಮನಿದ್ದವಳಿಗೆ ಇನ್ನೆರಡು ಮಳೆಗಾಲ ಸುಮ್ಮನಿರು ಎಂದು ಯಾವ ಬಾಯಿಂದ ಹೇಳಲಿ? ನಿಜವಾಗಿ ಅಳು ಬರುವಂತಾಯಿತು.

ಹೊರಗೆ ಏನೋ ಉಜ್ಜುವ ಸದ್ದು ಕೇಳಿ ಎದ್ದು ಹೋದೆ. ಶಾರದೆ ಸೆರಗು ಸಿಕ್ಕಿಸಿಕೊಂಡು ಬಿರುಕಿನ ಸುತ್ತ ಉಪ್ಪುಕಾಗದ ಹಾಕುತ್ತಿದ್ದಳು. ವಿಜಯನಗರದ ಹಾರ್ಡ್‌ವೇರ್ ಅಂಗಡಿಗೆ ಕಿರಣನನ್ನು ಕಳಿಸಿ ಫೈಬರಿನ ಬಟ್ಟೆ, ಅಂಟು ಎಲ್ಲ ತರಿಸಿಯಾಗಿತ್ತು. ಬಟ್ಟೆಯನ್ನು ಮೂರು ಪದರ ಹಾಕಿ, ಹೋಳಿಗೆ ತಟ್ಟುವಷ್ಟು ನಿಧಾನವಾಗಿ ಅಂಟು ತೀಡಿದಳು. ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಕೇಳಿದೆ. ಅವಳ ಅಪ್ಪ ಪ್ರತಿ ವರ್ಷ ಮನೆಯ ದೋಣಿಯ ಬಿರುಕು ಮುಚ್ಚಿ, ಮರ ಕೊಳೆಯದಂತೆ ಗೇರೆಣ್ಣೆ ಹಚ್ಚುವಾಗ ಅವಳೇ ಜೊತೆಗೆ ಇರುತ್ತಿದ್ದಳಂತೆ. ಕಾಲೇಜಿಗೆ ಹೋಗುವಾಗ ಅಂಬಿಗ ಬಾರದ ದಿನ ಏಳು ಜನರನ್ನು ತಾನೇ ದಾಟಿಸುತ್ತಿದ್ದಳಂತೆ.

"ನಂಗೆ ಹೇಳಲೇ ಇಲ್ಲವಲ್ಲೇ" ಎಂದೆ.

"ನೀವು ಕೇಳಲೇ ಇಲ್ವಲ್ಲ" ಎಂದಳು.

ನಿಜ. ಮೂವತ್ತು ವರ್ಷದಲ್ಲಿ ನೈಲ್ ನದಿಯ ಬಗ್ಗೆ ಅವಳಿಗೆ ನಾನು ಹೇಳಿದ್ದು ಬಹಳ, ಶರಾವತಿಯ ಬಗ್ಗೆ ಅವಳನ್ನು ಕೇಳಿದ್ದು ಏನೂ ಇಲ್ಲ. ಆ ಸಂಜೆ ಅಂಟು ಒಣಗುವ ತನಕ ಅವಳ ಪಕ್ಕದಲ್ಲೇ ಕುಳಿತು, ಹೇಳಿದ ಸಾಮಾನು ಎತ್ತಿ ಕೊಟ್ಟೆ.

ಭಾನುವಾರ ಬೆಳಿಗ್ಗೆ ದೋಣಿಯನ್ನು ಟೆಂಪೋ ಹಿಂದೆ ಕಟ್ಟಿಕೊಂಡು ಹೊರಟೆವು. ನಾನು, ಶಾರದೆ, ಯಾರೂ ಕರೆಯದಿದ್ದರೂ ರಾಮಚಂದ್ರಪ್ಪ. ಬೇರೆ ಊರಿನಲ್ಲಿ ದೋಣಿ ಕಂಡರೆ ಜನ ಕೈ ಬೀಸುತ್ತಾರೆ. ಬೆಂಗಳೂರಿನ ಜನ ಆಕಾಶ ನೋಡುತ್ತಾರೆ. ದೀಪಾಂಜಲಿ ನಗರದ ಸಿಗ್ನಲ್ಲಿನಲ್ಲಿ ಬೈಕಿನವನೊಬ್ಬ ಕಿಟಕಿಯ ಹತ್ತಿರ ಬಂದು, ಇವತ್ತು ಅಷ್ಟು ಜೋರು ಮಳೆ ಇದೆಯಾ ಸಾರ್ ಎಂದು ಆತಂಕದಿಂದ ಕೇಳಿದ. ಕೆಂಗೇರಿ ದಾಟುವವರೆಗೆ ಇನ್ನೂ ಇಬ್ಬರು ಅದನ್ನೇ ಕೇಳಿದರು.

ಕೆರೆಯ ದಡದಲ್ಲಿ ಅರ್ಧ ಊರು ಸೇರಿತ್ತು. ಶಿಷ್ಯ ನನಗೆ ಶಾಲು ಹೊದಿಸಿದ. ದೋಣಿಯನ್ನು ನೀರಿಗೆ ತಳ್ಳಿದೆವು. ಶಾರದೆಯ ತೇಪೆ ಒಂದು ಹನಿ ನೀರನ್ನೂ ಒಳಗೆ ಬಿಡಲಿಲ್ಲ. ಇನ್ನು ಉಳಿದದ್ದು ನನ್ನ ಇಂಜಿನ್. ಶಾಲು ಹೊದ್ದುಕೊಂಡೇ ಹಗ್ಗ ಎಳೆದೆ. ಕೆಮ್ಮಲೂ ಇಲ್ಲ. ಸಂಪಿನ ಕೆಸರನ್ನು ಹೊಟ್ಟೆ ತುಂಬ ಕುಡಿದು ಕುಳಿತಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಪೆಟ್ರೋಲನ್ನು ಬೈದೆ, ಗಾಳಿಯನ್ನು ಬೈದೆ, ರಾಮಚಂದ್ರಪ್ಪನವರನ್ನು ಮನಸ್ಸಿನಲ್ಲೇ ಬೈದೆ. ಮೂವತ್ತನೇ ಸಲ ಎಳೆದಾಗ ಹಗ್ಗ ಕಿತ್ತು ನನ್ನ ಕೈಗೆ ಬಂತು. ಹಗ್ಗದ ಹಿಂದೆ ನಾನು, ನನ್ನ ಹಿಂದೆ ಶಾಲು, ಮೂವರೂ ಮೊಣಕಾಲುದ್ದದ ನೀರಿಗೆ ಬಿದ್ದೆವು.

ಶಾರದೆ ನನ್ನನ್ನು ಎಬ್ಬಿಸಿದಳು. ಪೆಟ್ಟಾಯಿತೇ ಎಂದು ತಡವಿ ನೋಡಿದಳು. ನಾನು ಅವಳ ಮುಖ ನೋಡಲಾರದೆ, ಈ ಸಲವೂ ಆಗಲಿಲ್ಲ ಕಣೇ ಎಂದೆ. ಅವಳು ದಡದಲ್ಲಿದ್ದ ಒಂದು ಬಿದಿರು ಗಳುವನ್ನು ಎತ್ತಿ, ತೂಗಿ ನೋಡಿದಳು.

"ಈ ಇಂಜಿನ್ ಬಿಚ್ಚಿ ಕೆಳಗಿಳಿಸಿ. ಭಾರ. ನಿಮಗೆ ಈಜು ಬರಲ್ಲ, ನೀವೂ ಇಲ್ಲೇ ಇರಿ."

ಇರುವ ಒಂದೇ ಜಾಕೆಟ್ಟನ್ನು ತಾನು ತೊಟ್ಟು, ಗಳುವನ್ನು ನೆಲಕ್ಕೆ ಊರಿ ಒಂದು ಸಲ ತಳ್ಳಿದಳು. ದೋಣಿ ಸದ್ದಿಲ್ಲದೆ ಹೊರಟಿತು. ಕೆರೆ ಅಷ್ಟೇನೂ ಆಳವಿರಲಿಲ್ಲ. ಗಳು ಇಳಿಯುತ್ತಿತ್ತು, ಏಳುತ್ತಿತ್ತು, ಅವಳು ನೆಟ್ಟಗೆ ನಿಂತಿದ್ದಳು. ನಡುನೀರಿಗೆ ಹೋಗಿ ಸುಮ್ಮನೆ ಕುಳಿತು ಕೈಯನ್ನು ನೀರಿಗೆ ಇಳಿಬಿಟ್ಟಳು. ನಗುತ್ತಿದ್ದದ್ದು ದಡಕ್ಕೂ ಕಾಣುತ್ತಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಒದ್ದೆ ಬಟ್ಟೆಯಲ್ಲಿ ಚಳಿಯಾಗುತ್ತಿದ್ದದ್ದೂ ಮರೆತುಹೋಯಿತು.

ಆಮೇಲೆ ಅವಳು ಬಿಡುವಿಲ್ಲದವಳಾದಳು. ದಡಕ್ಕೆ ಬಂದು ಊರಿನಿಂದ ಇನ್ನೊಂದು ಜಾಕೆಟ್ ಹುಡುಕಿಸಿ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಸುತ್ತಿಸಿದಳು. ಮೊದಲು ಶಿಷ್ಯನ ತಾಯಿ, ಆಮೇಲೆ ಟೆಂಪೋ ಚಾಲಕ, ಆಮೇಲೆ ರಾಮಚಂದ್ರಪ್ಪ. ನನ್ನದು ಕೊನೆಯ ಸರದಿ ಎಂದು ದೋಣಿಯಿಂದಲೇ ಕೂಗಿ ಹೇಳಿದಳು. ನಾನು ಇಂಜಿನ್ನನ್ನು ಕೆಸರಾಗದಂತೆ ತೊಡೆಯ ಮೇಲೆ ಇಟ್ಟುಕೊಂಡು ಬಂಡೆಯ ಮೇಲೆ ಕುಳಿತಿದ್ದೆ. ಮೇಕೆ ಮೇಯಿಸುತ್ತಿದ್ದ ಅಜ್ಜನೊಬ್ಬ ಪಕ್ಕಕ್ಕೆ ಬಂದು ಕೂತ.

"ಬೋಟು ಆಯಮ್ಮಂದಾ ಸ್ವಾಮಿ?"

"ಹೌದು" ಎಂದೆ.

"ತಾವು?"

ತೊಡೆಯ ಮೇಲಿನ ಇಂಜಿನ್ ನೋಡಿಕೊಂಡೆ. ಗಂಡ ಎನ್ನಲು ಯಾಕೋ ಧೈರ್ಯ ಬರಲಿಲ್ಲ.

"ಅವರ ಸಾಮಾನು ನೋಡ್ಕೋತೀನಿ" ಎಂದೆ.

ಅಜ್ಜ ನನ್ನ ಕೆಸರು ಮೆತ್ತಿದ ಶಾಲನ್ನು ಮೇಲಿಂದ ಕೆಳಗೆ ನೋಡಿ ಕನಿಕರಪಟ್ಟ.

"ಸಂಬಳ ಏನಾದ್ರೂ ಸರಿಯಾಗಿ ಕೊಡ್ತಾರಾ?"

"ಸಂಬಳ ಇಲ್ಲ ಅಜ್ಜ" ಎಂದೆ. "ಊಟ ತಿಂಡಿ ಅವರದೇ."