ಕಾಫಿಯಂಗಡಿಯಲ್ಲಿದ್ದ ಮದುಮಗ

ರಈಸರು, ನಮ್ಮ ರಾಷ್ಟ್ರಾಧ್ಯಕ್ಷರು, ತೀರಿಕೊಂಡ ಸಂಜೆ ಕಫ್ರ್ ನಬಕ ಪಟ್ಟಣದ ಜನಸಂಖ್ಯೆ ಆರು ಸಾವಿರದ ಇನ್ನೂರು. ಅವರಲ್ಲಿ ಐದು ಸಾವಿರದ ನಲವತ್ತೊಂದು ಜನ ಶಾಹೀನನ ಕಾಫಿಯಂಗಡಿಯಲ್ಲಿ ಕೂತಿದ್ದರು. ಇದು ನಮ್ಮ ಕಚೇರಿಯ ದಾಖಲೆ, ಆದ್ದರಿಂದ ನಿಜ. ಅಂಗಡಿಯಲ್ಲಿ ಆಗ ಆರು ಮೇಜು ಮತ್ತು ಒಂದು ರೇಡಿಯೋ ಇದ್ದವು. ಕೂತಿದ್ದವರಲ್ಲಿ ಎರಡು ಸಾವಿರದಷ್ಟು ಹೆಂಗಸರು. ಅವರು ಆ ಅಂಗಡಿಯ ಹೊಸಿಲನ್ನು ಅದಕ್ಕೆ ಮೊದಲೂ ದಾಟಿರಲಿಲ್ಲ, ಆಮೇಲೂ ದಾಟಿಲ್ಲ.

ಘಟನೆಯ ಐವತ್ತನೇ ವರ್ಷವನ್ನು ಸಮಯಕ್ಕೆ ಸರಿಯಾಗಿ ಆಚರಿಸಬೇಕೆಂದು ಸರ್ಕಾರ ನಲವತ್ತೇಳನೇ ವರ್ಷದಲ್ಲೇ ನಮ್ಮ ಊರಿನಲ್ಲಿ ದುಃಖಸ್ಮರಣೆ ದಾಖಲಾತಿ ಕಚೇರಿಯನ್ನು ತೆರೆಯಿತು. ನಾನು ಅದರ ದ್ವಿತೀಯ ದರ್ಜೆ ಗುಮಾಸ್ತ. ಆ ಸಂಜೆ ತಾನು ಎಲ್ಲಿದ್ದೆನೆಂದು ನಮೂನೆ ಹದಿನೇಳರಲ್ಲಿ ಬರೆದು, ಸರ್ಕಾರದ ಹದ್ದಿನ ಮೊಹರು ಹಾಕಿಸಿಕೊಂಡವನು ಅಧಿಕೃತ ಸಾಕ್ಷಿಯಾಗುತ್ತಾನೆ. ಅಂಥವನಿಗೆ ಪಡಿತರ ಚೀಟಿಯ ಮೇಲೆ ತಿಂಗಳಿಗೆ ಎರಡು ಕಿಲೋ ಸಕ್ಕರೆ ಹೆಚ್ಚು. ಸಕ್ಕರೆಗೂ ಜನರ ದೇಶಪ್ರೇಮಕ್ಕೂ ಸಂಬಂಧ ಕಲ್ಪಿಸುವವರ ನಾಲಗೆಗೆ ಹುಳ ಬೀಳಲಿ.

ನಮೂನೆಯಲ್ಲಿ ಮೂರೇ ಪ್ರಶ್ನೆ. ಎಲ್ಲಿದ್ದಿರಿ, ಕೈಯಲ್ಲಿ ಏನಿತ್ತು, ಹೇಗೆ ಅತ್ತಿರಿ. ಕೊನೆಯದಕ್ಕೆ ಮೂರು ಚೌಕಗಳು: ಅತ್ತೆ, ಬಹಳ ಅತ್ತೆ, ಪ್ರಜ್ಞೆ ತಪ್ಪಿತು. ಜನ ಒಂದೇ ಬಾಯಲ್ಲಿ ಹೇಳಿದ್ದೇನೆಂದರೆ, ರೇಡಿಯೋದಲ್ಲಿ ಹಾಡು ಅರ್ಧಕ್ಕೆ ನಿಂತಿತು, ಎಲ್ಲ ಕೇಂದ್ರಗಳಲ್ಲೂ ಕುರಾನ್ ಪಠಣ ಶುರುವಾಯಿತು, ಕೈಯಲ್ಲಿದ್ದ ಚಹಾ ಲೋಟ ಜಾರಿ ಬಿತ್ತು. ನಮ್ಮ ದೇಶದಲ್ಲಿ ಹೇಳದೆ ಕೇಳದೆ ಪಠಣ ಶುರುವಾದರೆ ಯಾರೋ ದೊಡ್ಡವರು ಹೋದರೆಂದೇ ಅರ್ಥ. ಸುದ್ದಿ ಆಮೇಲೆ ಬರುತ್ತದೆ, ಅಳು ಮೊದಲು ಬರುತ್ತದೆ. ಹೀಗೆ ಐದು ಸಾವಿರದ ನಲವತ್ತೊಂದು ಲೋಟಗಳು ಒಡೆದ ಅಂಗಡಿ ಮಾರನೇ ಬೆಳಿಗ್ಗೆ ಎಂದಿನಂತೆ ತೆರೆದಿತ್ತು.

ನಮ್ಮ ನಿರ್ದೇಶಕರು ಉಸ್ತಾದ್ ವಗ್ದಿ. ಘಟನೆಯಾದಾಗ ಅವರಿಗೆ ನಾಲ್ಕು ವರ್ಷ. ಆದರೂ ಪ್ರಜ್ಞೆ ತಪ್ಪಿದವರ ಪಟ್ಟಿಯಲ್ಲಿ ಅವರದೇ ಮೊದಲ ಹೆಸರು. ಜನಸಂದಣಿ ಕಂಡು ಕಳವಳಗೊಂಡ ಅವರು ಒಂದು ಸುತ್ತೋಲೆ ಹೊರಡಿಸಿದರು:

“ಸದರಿ ಕಾಫಿಯಂಗಡಿಯು ಭಾರ ತಾಳದೆ ಕುಸಿಯುವ ಸಂಭವವಿರುವುದರಿಂದ, ಸಾರ್ವಜನಿಕರ ಸುರಕ್ಷತೆಯ ಹಿತದೃಷ್ಟಿಯಿಂದ, 1970ರಲ್ಲಿ ಅಲ್ಲಿ ಕುಳಿತಿದ್ದವರ ಸಂಖ್ಯೆಯನ್ನು ಅರವತ್ತಕ್ಕೆ ಮಿತಿಗೊಳಿಸಲಾಗಿದೆ. ಉಳಿದವರನ್ನು ಕಾಲುವೆ ಸೇತುವೆ, ಹಿಟ್ಟಿನ ಗಿರಣಿ ಹಾಗೂ ರೈಲು ನಿಲ್ದಾಣಗಳಿಗೆ ಹಂಚಲಾಗುವುದು. ಹಂಚಿಕೆಯಾದ ಸ್ಥಳದಲ್ಲಿ ಅತ್ತಿರುವುದು ಕಡ್ಡಾಯ. ಸಾಕ್ಷಿಯು ಮೃತನಾಗಿದ್ದಲ್ಲಿ ಸ್ಮರಣೆಯು ಹಿರಿಯ ಮಗನಿಗೆ ಸೇರತಕ್ಕದ್ದು.”

ಈ ಕೊನೆಯ ನಿಯಮದಿಂದಾಗಿ ನಾನು ಹುಟ್ಟುವ ಹದಿಮೂರು ವರ್ಷ ಮೊದಲೇ ಸೇತುವೆಯ ಮೇಲೆ ನಿಂತು ಬಹಳ ಅತ್ತಿದ್ದೇನೆ. ಗಾಳಿ ಜೋರಾಗಿತ್ತು.

ಕಾಫಿಯಂಗಡಿಯ ಅರವತ್ತು ಜಾಗಗಳಿಗೆ ವಶೀಲಿ ನಡೆಯಿತು. ಯಾರ ವಶೀಲಿಯೂ ಇಲ್ಲದೆ, ಬರೀ ವರ್ಣನೆಯ ಬಲದಿಂದ ಜಾಗ ಗಿಟ್ಟಿಸಿದವರು ಒಬ್ಬರೇ, ಹಾಜ್ ಬುದೇರ್. ನೀರಾವರಿ ಇಲಾಖೆಯಲ್ಲಿ ತೂಬು ಕಾಯುತ್ತಿದ್ದು ನಿವೃತ್ತರಾದವರು. ಲೋಟ ಬಿದ್ದಾಗ ಚಹಾ ಯಾವ ದಿಕ್ಕಿಗೆ ಹರಿಯಿತು ಎಂಬುದನ್ನು ಕೂಡ ಅವರು ಹೇಳಿದರು. ಉಸ್ತಾದ್ ವಗ್ದಿ ಕರವಸ್ತ್ರ ತೆಗೆದು, ಒಂದಲ್ಲ, ಎರಡು ಸಲ ಮೊಹರು ಒತ್ತಿದರು.

ಅದಾದ ಮೂರನೇ ವಾರ ಹಾಜ್ ಬುದೇರರ ಹೆಂಡತಿ ಹಾಜ್ಜಾ ಇನ್ಶಿರಾ ಕಚೇರಿಗೆ ಬಂದು ಎರಡು ಕಿಲೋ ಸಕ್ಕರೆಯ ಪೊಟ್ಟಣವನ್ನು ನಿರ್ದೇಶಕರ ಮೇಜಿನ ಮೇಲೆ ಇಟ್ಟರು.

“ಇದನ್ನ ನೀವೇ ಇಟ್ಕೊಳ್ಳಿ ಉಸ್ತಾದ್. ನನ್ನ ಗಂಡನ್ನ ವಾಪಸ್ ಕೊಡಿ.”

ಸಕ್ಕರೆ ಹಿಂಪಡೆಯುವುದಕ್ಕೆ ನಮ್ಮಲ್ಲಿ ನಮೂನೆ ಇಲ್ಲವೆಂದು ಉಸ್ತಾದ್ ವಗ್ದಿ ವಿನಯದಿಂದಲೇ ತಿಳಿಸಿ, ಹಾಜ್ ಎಲ್ಲಿ ಹೋಗಿದ್ದಾರೆ ಎಂದು ವಿಚಾರಿಸಿದರು.

“ಎಲ್ಲಿ ಹೋಗ್ತಾರೆ? ಮನೇಲೇ ಮೂಲಂಗಿ ಕಡೀತಾ ಕೂತಿದಾರೆ. ಕಳೆದುಹೋಗಿರೋದು ನಲವತ್ತೇಳು ವರ್ಷದ ಹಿಂದಿನ ಗಂಡ.”

ಆಕೆಯ ದೂರು ಇಷ್ಟು. ಆ ದಿನ ಪ್ರವಾದಿಗಳು ಸ್ವರ್ಗಕ್ಕೇರಿದ ಮಿಅರಾಜಿನ ಪುಣ್ಯದಿನ. ಒಳ್ಳೆಯ ದಿನವೆಂದು ಹಿರಿಯರು ಅಂದೇ ಅವರ ಮದುವೆ ಇಟ್ಟಿದ್ದರು. ಮನೆಯ ಮಾಳಿಗೆಯ ಮೇಲೆ ಊಟ, ಡೋಲು, ಕುಣಿತ. ಸಂಜೆ ಸುತ್ತಲಿನ ಮನೆಗಳ ರೇಡಿಯೋಗಳಿಂದ ಪಠಣ ಕೇಳಿಬಂದಾಗ ಎಲ್ಲರೂ ಅದು ಪುಣ್ಯದಿನಕ್ಕೆಂದೇ ತಿಳಿದರು. ಎಂಥ ಶುಭ ಘಳಿಗೆ ಕೂಡಿಬಂತು ಎಂದು ಹೆಂಗಸರು ಹರ್ಷದ ಕೂಗು ಹಾಕಿದರು. ಪಠಣಕ್ಕೆ ಗೌರವವಿರಲಿ ಎಂದು ಡೋಲಿನವನು ಕೊಂಚ ಮೆಲ್ಲಗೆ ಬಾರಿಸಿದ. ಕೋಲು ಹಿಡಿದು ಕುಣಿಯುತ್ತಿದ್ದ ಮದುಮಗ ಆ ಮೆಲ್ಲಗಿನ ತಾಳಕ್ಕೆ ಹೆಜ್ಜೆ ತಪ್ಪಿ, ಬಾತುಕೋಳಿಯ ಪರಾತದೊಳಗೆ ಕಾಲಿಟ್ಟ. ಮದುಮಗಳು ನಕ್ಕಳು. ಎಷ್ಟು ನಕ್ಕಳೆಂದರೆ ಹಿರಿಯರು ಬೈದರೂ ನಿಲ್ಲಿಸಲಿಲ್ಲ. ನಿಜಸುದ್ದಿ ಮಾಳಿಗೆಗೆ ಹತ್ತಿದ್ದು ಮಾರನೇ ಬೆಳಿಗ್ಗೆ.

“ರಈಸರಿಗೆ ನಾನೂ ಅತ್ತಿದ್ದೀನಿ, ನಲವತ್ತು ದಿನ ಕರೀ ಬಟ್ಟೆ ಉಟ್ಟಿದ್ದೀನಿ. ಅದು ಬೇರೆ,” ಎಂದರು ಹಾಜ್ಜಾ. “ಆದ್ರೆ ಜೀವಮಾನದಲ್ಲಿ ಹಿಂದೆ ಮುಂದೆ ನೋಡದೆ ನಕ್ಕಿದ್ದು ಅದೊಂದೇ ಸಂಜೆ. ಇವರು ಹೋಗಿ ಅದನ್ನ ನಿಮಗೆ ಬರೆದುಕೊಟ್ಟು ಬಂದಿದಾರೆ. ಮಾಳಿಗೆ ಮೇಲೆ ಇದ್ರು, ನಗಿಸ್ತಾ ಇದ್ರು ಅಂತ ತಿದ್ದಿ. ನಂಗೆ ಇನ್ನೇನೂ ಬೇಡ.”

ನಮ್ಮ ಕಚೇರಿ ಯಾರನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ. ನಾಳೆ ಬನ್ನಿ ಎಂದು ಹೇಳಿ ಕಳಿಸುತ್ತದೆ. ಆಕೆ ಹನ್ನೊಂದು ನಾಳೆಗಳ ಕಾಲ ಬಂದರು. ಅಷ್ಟರಲ್ಲಿ ನಾನು ಕಡತಗಳನ್ನು ಜಾಲಾಡಿ ವರದಿ ಸಿದ್ಧಪಡಿಸಿದೆ. ಮದುವೆಯ ಸಾಕ್ಷಿಗಳಿಬ್ಬರೂ ಹಿಟ್ಟಿನ ಗಿರಣಿಯಲ್ಲಿದ್ದರು. ಡೋಲಿನವನು ರೈಲು ನಿಲ್ದಾಣದಲ್ಲಿ ಪ್ರಜ್ಞೆ ತಪ್ಪಿದ್ದ. ಬಾತುಕೋಳಿ ಬೇಯಿಸಿದ ಸೋದರತ್ತೆ ಸತ್ತು ಆಕೆಯ ಸ್ಮರಣೆ ಮಗನಿಗೆ ಬಂದಿತ್ತು, ಮಗ ಅದನ್ನು ಸೇತುವೆಗೆ ಹಾಕಿಸಿಕೊಂಡಿದ್ದ. ಮದುಮಗ ಕಾಫಿಯಂಗಡಿಯಲ್ಲಿ. ದಾಖಲೆಯ ಪ್ರಕಾರ ಆ ಮಾಳಿಗೆಯ ಮೇಲೆ ವಧು ಒಬ್ಬಳೇ ನಿಂತು ನಗುತ್ತಿದ್ದಳು.

ವಿಷಯ ಕೈರೋಗೆ ಹೋಯಿತು. ಉತ್ತರ ಬಂತು: “ಹದ್ದಿನ ಮೊಹರನ್ನು ಹಿಂಪಡೆಯಲು ಅವಕಾಶವಿರುವುದಿಲ್ಲ. ಸ್ಮರಣೆಯು ರಾಷ್ಟ್ರದ ಸ್ವತ್ತು, ವಿವಾಹವು ಖಾಸಗಿ ವಿಷಯ. ಆದ್ದರಿಂದ ಸದರಿ ವಿವಾಹವನ್ನು ಸೂಕ್ತ ದಿನಾಂಕಕ್ಕೆ ವರ್ಗಾಯಿಸತಕ್ಕದ್ದು.”

ಶೋಕದ ನಲವತ್ತು ದಿನ ಕಳೆಯದೆ ಮದುವೆ ಮಾಡುವಂತಿಲ್ಲವಾದ್ದರಿಂದ ನಾವು ನವೆಂಬರ್ ಎಂಟನ್ನು ಗೊತ್ತುಮಾಡಿದೆವು. ಒಂದು ಸಣ್ಣ ತೊಡಕಿತ್ತು. ಅವರ ಹಿರಿಯ ಮಗ ಹುಟ್ಟಿದ್ದು ಜೂನ್ ಕೊನೆಯಲ್ಲಿ. ಹೊಸ ಲೆಕ್ಕದಲ್ಲಿ ಆತ ಏಳು ತಿಂಗಳಿಗೇ ಹುಟ್ಟಿದಂತಾಯಿತು. ಆತುರಗಾರನನ್ನು ನಮ್ಮಲ್ಲಿ ಏಳು ತಿಂಗಳಿಗೆ ಹುಟ್ಟಿದವನೆಂದೇ ಛೇಡಿಸುವುದು. ಈ ಮಗನೋ ಶಾಲೆಯ ಮುಖ್ಯೋಪಾಧ್ಯಾಯ, ಕಣ್ಣೆದುರೇ ಬಸ್ಸು ಹೊರಟರೂ ಹೆಜ್ಜೆ ಬಿರುಸು ಮಾಡದವನು. ಇನ್ನು ಮುಂದೆ ಸ್ವಲ್ಪ ಅವಸರದಿಂದ ನಡೆದುಕೊಳ್ಳಬೇಕೆಂದು ಅವನಿಗೆ ನೋಟೀಸು ಕಳಿಸಿದೆವು. ಅದಕ್ಕೆ ಅವನು ಇನ್ನೂ ಉತ್ತರಿಸಿಲ್ಲ.

ಹಾಜ್ಜಾ ಮಾತ್ರ ಒಪ್ಪಲಿಲ್ಲ. “ನನ್ನ ಮದುವೆ ಏನ್ ಎಮ್ಮೇನಾ ಉಸ್ತಾದ್, ಈ ಗೂಟದಿಂದ ಬಿಚ್ಚಿ ಆ ಗೂಟಕ್ಕೆ ಕಟ್ಟೋಕೆ?”

ಈ ಮಾತು ನಿಯಮಾವಳಿಯಲ್ಲಿ ಎಲ್ಲೂ ಇಲ್ಲದಿದ್ದರೂ ಉಸ್ತಾದ್ ವಗ್ದಿಯವರಿಗೆ ನಾಟಿತು. ಅವರು ಬೇರೊಂದು ನಿಯಮ ಹುಡುಕಿದರು. ಹತ್ತಕ್ಕಿಂತ ಕಡಿಮೆ ಸಾಕ್ಷಿಗಳಿರುವ ಸ್ಥಳವನ್ನು ಕಚೇರಿಯೇ ಭರ್ತಿ ಮಾಡಬೇಕು. ಮಾಳಿಗೆಯಲ್ಲಿ ಇರುವುದು ಒಬ್ಬರು. ಮದುವೆ ಅಲ್ಲೇ ಇರಲಿ, ಅಂದೇ ಇರಲಿ, ಜನರನ್ನು ಮಾತ್ರ ನಾವು ಕಳಿಸೋಣ ಎಂದರು. ಅಳುವ ಚೌಕಗಳ ಪಕ್ಕದಲ್ಲಿ ನಾಲ್ಕನೆಯದೊಂದನ್ನೂ ಮುದ್ರಿಸಿದೆವು: ನಗು ಬಂದಿದ್ದರೂ ಅತ್ತೆ.

ಪ್ರಕಟಣೆ ಅಂಟಿಸಿದ ಮಧ್ಯಾಹ್ನದಿಂದಲೇ ಸಾಲು. ಸೇತುವೆಯಲ್ಲಿ ಗಾಳಿ, ಗಿರಣಿಯಲ್ಲಿ ಧೂಳು, ಮಾಳಿಗೆಯ ಮೇಲೆ ಬಾತುಕೋಳಿ. ಆಯ್ಕೆ ಕಷ್ಟವಿರಲಿಲ್ಲ. ಮಾಳಿಗೆಗೆ ನಾನೂರ ಹನ್ನೊಂದು ಜನ ವರ್ಗವಾದರು. ಕೈಯಲ್ಲಿ ಏನಿತ್ತು ಎಂಬಲ್ಲಿ ಎಲ್ಲರೂ ಬಾತುಕೋಳಿಯ ಕಾಲು ಎಂದೇ ಬರೆದಿದ್ದರಿಂದ ಕಾಲುಗಳ ಸಂಖ್ಯೆ ಬೆಸವಾಯಿತು. ಹಾಗಾಗಿ ಇನ್ನೊಂದು ಕಾಲನ್ನು ನಿರ್ದೇಶಕರಿಗೆ ಮೀಸಲಿಟ್ಟೆವು. ಸಂತೆಯಲ್ಲಿ ಹೆಂಗಸರು ಹಾಜ್ಜಾರನ್ನು ತಡೆದು, ನಿಮ್ಮ ಮದುವೆಯಲ್ಲಿ ಎಂಥ ಊಟ, ಎಂಥ ಸೀರುಂಡೆ ಎಂದು ಹೊಗಳತೊಡಗಿದರು. ಗುಲಾಬಿ ಬಣ್ಣದ ಬಟ್ಟೆ ಉಟ್ಟಿದ್ದೆನೆಂದು ಆಕೆ ಹೇಳಿದರೆ, ಇಲ್ಲ, ಬಿಳಿಯದು, ನಾವು ನೋಡಿದ್ದೇವಲ್ಲ ಎಂದು ತಿದ್ದಿದರು.

ಇತ್ತ ಕಾಫಿಯಂಗಡಿ ಖಾಲಿಯಾಯಿತು. ಒಂದು ಮೊಹರನ್ನು ಹಿಂಪಡೆಯುವಂತಿಲ್ಲವಾದರೂ ವರ್ಗಾಯಿಸಬಹುದು, ಎರಡಕ್ಕೆ ಅದೂ ಇಲ್ಲ. ಅರವತ್ತರಲ್ಲಿ ಐವತ್ತೊಂಬತ್ತು ಮಂದಿ, ಒಂದೇ ಮೊಹರಿನವರಾದ್ದರಿಂದ, ವಶೀಲಿ ಹಚ್ಚಿ ಮಾಳಿಗೆ ಹತ್ತಿದರು. ಎರಡು ಮೊಹರಿನ ಹಾಜ್ ಬುದೇರ್ ಒಬ್ಬರೇ ಆ ಸಂಜೆಯಲ್ಲಿ ಉಳಿದುಕೊಂಡರು. ಕಟ್ಟೆಯ ಮೇಲೆ ಗೆಳೆಯರೆಲ್ಲ ಅವರದೇ ಮದುವೆಯ ಸುದ್ದಿ ಮಾತಾಡುವಾಗ ಅವರು ಕೇಳುತ್ತ ಕೂರಬೇಕಾಯಿತು. ನಿಜ ಹೇಳುವುದಾದರೆ, ನನಗೆ ಅವರ ಮೇಲೆ ಕನಿಕರ ಹುಟ್ಟಿತು. ನಲವತ್ತೇಳು ವರ್ಷ, ‘ನೀನೆಲ್ಲಿದ್ದೆ’ ಎಂಬ ಪ್ರಶ್ನೆ ಬಂದಾಗಲೆಲ್ಲ ಅವರು ಚಪ್ಪಲಿ ಮೆಟ್ಟಿಕೊಂಡು ಎದ್ದುಹೋಗುತ್ತಿದ್ದರಂತೆ. ಊರೆಲ್ಲ ಅಳುವಾಗ ತಾನು ಕುಣಿಯುತ್ತಿದ್ದೆನೆಂದು ಯಾವ ಬಾಯಲ್ಲಿ ಹೇಳುವುದು? ಅದಕ್ಕೇ, ಅಳುವುದಕ್ಕೆ ಒಂದು ಮೇಜು ಸಿಕ್ಕಿದ್ದೇ ಪುಣ್ಯವೆಂದು ಅವರು ಕೂತುಬಿಟ್ಟಿದ್ದರು.

ಕೊನೆಗೆ ಇಸ್ತ್ರಿ ಮಾಡಿದ ಜಲಾಬಿಯಾ ನಿಲುವಂಗಿ ತೊಟ್ಟು ಅವರೇ ಅರ್ಜಿ ಹಿಡಿದು ಬಂದರು. ಮಾಳಿಗೆ ಭರ್ತಿಯಾಗಿದೆ, ನಿಮ್ಮದು ಕಾಯುವವರ ಪಟ್ಟಿಯಲ್ಲಿ ಮೊದಲ ಹೆಸರು ಎಂದೆ. ತಾನು ಮದುಮಗ ಎಂದರು. ಮದುಮಗನ ಸ್ಥಾನ ಖಾಲಿ ಇರುವುದು ನಿಜ, ಆದರೆ ಅಭ್ಯರ್ಥಿಯು ಆ ಸಂಜೆ ಮಾಳಿಗೆಯಲ್ಲಿ ಹಾಜರಿದ್ದಿರಬೇಕು, ಜೊತೆಗೆ ವಧುವಿನ ನಿರಾಕ್ಷೇಪಣಾ ಪತ್ರ ಬೇಕು ಎಂದು ಉಸ್ತಾದ್ ವಗ್ದಿ ವಿವರಿಸಿದರು. ಹಾಜ್ಜಾರನ್ನು ಕರೆಸಿದೆವು.

ಅಂದು ಸಾಲಿನಲ್ಲಿ ಮೂವತ್ತು ಜನ ಇದ್ದರು. ಆಕೆ ಲೇಖನಿಯನ್ನು ಮುಟ್ಟಲಿಲ್ಲ.

“ಮೊದಲು ಇವರು ಹೇಳ್ಲಿ. ಬರೆಯೋದಲ್ಲ, ಬಾಯಲ್ಲಿ. ಎಲ್ರಿಗೂ ಕೇಳೋ ಹಾಗೆ. ಎಲ್ಲಿದ್ರಿ?”

ಹಾಜ್ ಬುದೇರ್ ನೆಲ ನೋಡಿದರು. ಅಭ್ಯಾಸಬಲದಿಂದ ಕಾಲು ಚಪ್ಪಲಿಯನ್ನು ಹುಡುಕಿತು, ಆದರೆ ಅದಾಗಲೇ ಕಾಲಲ್ಲೇ ಇತ್ತು.

“ಮಾಳಿಗೆ ಮೇಲೆ,” ಎಂದರು.

“ಏನ್ ಮಾಡ್ತಿದ್ರಿ?”

“ಕುಣೀತಿದ್ದೆ. ಬಾತುಕೋಳಿ ಪರಾತದಲ್ಲಿ ಕಾಲಿಟ್ಟೆ.”

“ನಾನು?”

“ನೀನು ನಗ್ತಿದ್ದೆ. ಕಾಡಿಗೆ ಎಲ್ಲಾ ಕೆನ್ನೆಗೆ ಇಳಿದಿತ್ತು.” ಮುದುಕರು ತಲೆಯೆತ್ತಿ ಆಕೆಯನ್ನು ನೋಡಿದರು. “ಇನ್ನೊಂದು ಸಲ ಕಾಲಿಟ್ಟುಬಿಡ್ಲಾ ಅನ್ನಿಸಿತ್ತು ಇನ್ಶಿರಾ. ಅಷ್ಟು ಚೆನ್ನಾಗಿ ನಗ್ತಿದ್ದೆ.”

ಸಾಲಿನಲ್ಲಿದ್ದ ಮಾಳಿಗೆಯ ಮೂವತ್ತೇಳನೇ ಸಾಕ್ಷಿ, ಅಂಥದ್ದೇನೂ ನಡೆಯಲಿಲ್ಲ, ನಾನು ಅಲ್ಲೇ ಇದ್ದೆ ಎಂದು ಆಕ್ಷೇಪಿಸಿದ. ಅದನ್ನು ಟಿಪ್ಪಣಿ ಮಾಡಿಕೊಂಡೆ. ಹಾಜ್ಜಾ ಅತ್ತ ತಿರುಗಿಯೂ ನೋಡದೆ ನಿರಾಕ್ಷೇಪಣಾ ಪತ್ರಕ್ಕೆ ಸಹಿ ಹಾಕಿದರು.

ಪತ್ರವನ್ನು ಸ್ವೀಕರಿಸಿದೆವು, ಕಡತಕ್ಕೆ ಸೇರಿಸಿದೆವು, ಅರ್ಜಿಯನ್ನು ತಿರಸ್ಕರಿಸಿದೆವು. ಬಾಯಿಮಾತಿಗೆ ಎರಡು ಮೊಹರುಗಳನ್ನು ಮೀರುವ ಅಧಿಕಾರವಿಲ್ಲ. ಹಾಜ್ ಬುದೇರ್ ಕಾಫಿಯಂಗಡಿಯಲ್ಲೇ ಇದ್ದಾರೆ. ಈ ಆದೇಶವನ್ನು ಓದಿ ಹೇಳಿದಾಗ ದಂಪತಿ ತಲೆಯಾಡಿಸಿದರು, ಆಗಲಿ ಎಂದರು. ಇಬ್ಬರ ಗಮನವೂ ಆದೇಶದ ಮೇಲೆ ಇದ್ದಂತೆ ನನಗೆ ಕಾಣಲಿಲ್ಲ. ಹಾಜ್ಜಾ ಸಕ್ಕರೆಯ ಪೊಟ್ಟಣವನ್ನು ಎತ್ತಿಕೊಂಡರು, ಹಾಜ್ ಆಕೆಯ ಕೈ ಹಿಡಿದರು, ಇಬ್ಬರೂ ಬಾಗಿಲ ಕಡೆಗೆ ಹೊರಟರು.

ಉಸ್ತಾದ್ ವಗ್ದಿ ಅವರನ್ನು ತಡೆದರು. ದಾಖಲೆಯ ಪ್ರಕಾರ ಈಕೆ ಮಾಳಿಗೆಯ ಮೇಲೆ ವರನಿಲ್ಲದೆ ಮದುವೆಯಾದವರು, ಇವರು ಕಾಫಿಯಂಗಡಿಯ ಗಿರಾಕಿ. ಸಂಬಂಧವಿಲ್ಲದ ಗಂಡಸು ಹೆಂಗಸು ಕೈ ಕೈ ಹಿಡಿದು ಸರ್ಕಾರಿ ಕಚೇರಿಯಿಂದ ಹೊರಬಿದ್ದರೆ ಕಚೇರಿಯ ಮಾನ ಏನಾಗಬೇಕು? ಅವರ ನಡುವೆ ನಡೆದು ಮನೆ ತಲುಪಿಸಿ ಬರುವಂತೆ ನನ್ನನ್ನು ನಿಯೋಜಿಸಿದರು.

ಅಂದಿನಿಂದ ಇದು ನನ್ನ ಕರ್ತವ್ಯಗಳ ಪಟ್ಟಿಯಲ್ಲಿ ಸೇರಿದೆ. ಸಂತೆಗೆ, ಮಸೀದಿಗೆ, ಮಗನ ಮನೆಗೆ ಹೊರಡುವಾಗ ಅವರು ಹೇಳಿ ಕಳಿಸುತ್ತಾರೆ. ನಾನು ನೇರ ಮುಂದೆ ನೋಡುತ್ತ ನಡುವೆ ನಡೆಯುತ್ತೇನೆ. ಅವರು ನನ್ನ ಆ ಬದಿಯಿಂದ ಈ ಬದಿಗೆ ಅಡುಗೆಯ ವಿಷಯ ಮಾತಾಡಿಕೊಳ್ಳುತ್ತಾರೆ. ಊರಿನಲ್ಲಿ ಯಾರಿಗೂ ಇದು ವಿಚಿತ್ರವೆನಿಸಿಲ್ಲ. ಮರ್ಯಾದಸ್ಥರು ಹೀಗೇ ನಡೆಯಬೇಕೆಂದು ತಾಯಂದಿರು ಹೆಣ್ಣುಮಕ್ಕಳಿಗೆ ತೋರಿಸುತ್ತಾರೆ. ಮನೆಯೊಳಗಿನ ವಿಷಯ ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ಆದರೂ ಸಂಜೆಯಾದರೆ ಆ ಮನೆಯಿಂದ ಇಬ್ಬರು ಮುದುಕರು ನಗುವ ಸದ್ದು ರಸ್ತೆಗೆ ಕೇಳಿಸುತ್ತದೆಂದು ನೆರೆಹೊರೆಯವರು ಲಿಖಿತ ದೂರು ಕೊಟ್ಟಿದ್ದಾರೆ. ಕಡತ ತೆರೆದಿದ್ದೇವೆ. ಅವಸರವೇನಿಲ್ಲ, ನಾಳೆ ಬನ್ನಿ ಎಂದಿದ್ದೇವೆ.