ಹದಿಮೂರನೆಯ ತಲೆ

ಆ ಭಾನುವಾರ ಮಾರಿಕುಪ್ಪಂನಲ್ಲಿ ನಡೆದ ರಾದ್ಧಾಂತಕ್ಕೆಲ್ಲ ಮೂಲ ಒಂದು ಗೇಣುದ್ದದ ವೈರು. ವಿಜಯಕುಮಾರನ ಕಂಪ್ಯೂಟರಿನ ಪುಟ್ಟ ಸ್ಪೀಕರು ಹಿಂದಿನ ಸಂಜೆ ಗೊರ್ ಎಂದು ಪ್ರಾಣ ಬಿಟ್ಟಿತ್ತು. ಹೊಸದು ಬೇಕೆಂದರೆ ರಾಬರ್ಟ್‌ಸನ್‌ಪೇಟೆಗೆ ಹೋಗಬೇಕು, ಅಷ್ಟು ತಾಳ್ಮೆ ಅವನಿಗಿರಲಿಲ್ಲ. ಮೂಲೆಯಲ್ಲಿ ವೇಣುವಿನ ಸೌಂಡ್ ಬಾಕ್ಸ್ ನಿಂತಿತ್ತು. ವೇಣು ಮದುವೆ, ನಾಮಕರಣ, ಪಕ್ಷದ ಸಭೆಗಳಿಗೆ ಮೈಕು ಹಾಕಿಸುವವನು; ರಿಪೇರಿಗೆ ಕೊಟ್ಟು ಹೋದವನು ಎರಡು ವಾರವಾದರೂ ಈ ಕಡೆ ತಲೆ ಹಾಕಿರಲಿಲ್ಲ. ಆಳೆತ್ತರದ ಆ ಬಾಕ್ಸಿಗೆ ವಿಜಯಕುಮಾರ ಗೇಣುದ್ದದ ವೈರನ್ನು ಸಿಕ್ಕಿಸಿದ.

ವಿಜಯಕುಮಾರನಿಗೆ ನಲವತ್ತೆಂಟು. ಕಂಪ್ಯೂಟರ್ ರಿಪೇರಿ ಅಂಗಡಿಯೊಂದರಲ್ಲಿ ಕೆಲಸ. ಮದುವೆ ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳುತ್ತಿದ್ದವರೂ ಈಚೆಗೆ ಕೇಳುವುದನ್ನು ಬಿಟ್ಟಿದ್ದರು, ಅದೇ ಅವನಿಗೆ ಒಂದಿಷ್ಟು ಬೇಜಾರು. ಅಪ್ಪನಿಗೆ ಚಿನ್ನದ ಗಣಿ ಕಂಪನಿ ಕೊಟ್ಟಿದ್ದ ಲೈನ್ ಮನೆಯಲ್ಲಿ ಒಬ್ಬನೇ ಇದ್ದ. ಸಾಲು ಮನೆಗಳು, ಎರಡೆರಡಕ್ಕೆ ಒಂದೇ ಗೋಡೆ. ಆಚೆ ಮನೆಯವರು ಸೀನಿದರೆ ಈಚೆ ಮನೆಯವರು ‘ಚಿರಂಜೀವಿ’ ಅನ್ನಬಹುದು. ಆದರೆ ಸೀನುವುದಕ್ಕೂ ಜನ ಬೇಕಲ್ಲ. ಬೆಳಗಿನ ಟ್ರೇನು ದುಡಿಯುವ ವಯಸ್ಸಿನವರನ್ನೆಲ್ಲ ಬೆಂಗಳೂರಿಗೆ ಎತ್ತಿಕೊಂಡು ಹೋಗುತ್ತದೆ, ಕತ್ತಲಾದ ಮೇಲೆ ತಂದು ಸುರಿಯುತ್ತದೆ. ಭಾನುವಾರ ಅವರೆಲ್ಲ ನಿದ್ದೆ ಮಾಡುತ್ತಾರೆ.

ಹೀಗಿರುವವನು ಹಳೆಯ ಫ್ಲಾಪಿಯೊಂದರ ಸಹವಾಸಕ್ಕೆ ಬಿದ್ದಿದ್ದ. ಅವನು ಹದಿನಾರರ ಹುಡುಗನಾಗಿದ್ದಾಗ ಕಂಪ್ಯೂಟರ್ ಕ್ಲಾಸಿನಲ್ಲಿ ಒಂದು ಆಟ ಬಂದಿತ್ತು. ಇಂಗ್ಲಿಷ್ ಹೆಸರು ಉದ್ದಕ್ಕಿತ್ತು. ಹುಡುಗರು ‘ಚಂದ್ರನ ಗಣಿ’ ಎನ್ನುತ್ತಿದ್ದರು. ಶನಿಗ್ರಹದ ಯಾವುದೋ ಚಂದ್ರನಲ್ಲಿ ಗಣಿ ಕುಸಿದು ಹನ್ನೆರಡು ಜನ ಒಳಗೆ ಸಿಕ್ಕಿಬಿದ್ದಿದ್ದಾರೆ. ಒಬ್ಬ ಆಟಗಾರ ಕ್ಯಾಪ್ಟನ್. ಅವನು ಕೇಜಿನಲ್ಲಿ, ಎಂದರೆ ಗಣಿಯ ಲಿಫ್ಟಿನಲ್ಲಿ, ಇಳಿದು ಅವರನ್ನು ಹುಡುಕಬೇಕು. ಇನ್ನೊಬ್ಬ ಮೇಲೆ ಕೂತು ಕೇಜನ್ನು ಎತ್ತಿ ಇಳಿಸುವ ಎಂಜಿನ್ ನಡೆಸಬೇಕು. ಇಬ್ಬರ ನಡುವೆ ಒಂದು ಬೆಲ್ ಮಾತ್ರ: ಒಂದು ಹೊಡೆದರೆ ನಿಲ್ಲಿಸು, ಎರಡಕ್ಕೆ ಇಳಿಸು, ಮೂರಕ್ಕೆ ಎತ್ತು. ಕೊನೆಯಲ್ಲಿ ಕ್ಯಾಪ್ಟನ್ ಮೇಲೆ ಬಂದಾಗ ಆಕಾಶದಲ್ಲಿ ಭೂಮಿ ಮೂಡುತ್ತದಂತೆ, ಕಡಲೆಕಾಳಿನಷ್ಟು, ನೀಲಿಯಾಗಿ. ಅದನ್ನು ಕಂಡವರನ್ನು ವಿಜಯಕುಮಾರ ಕಂಡಿದ್ದ. ಅವನ ಸರದಿ ಬರುವಷ್ಟರಲ್ಲಿ ಮಾತ್ರ ಪ್ರತಿ ಸಲವೂ ಕ್ಲಾಸು ಮುಗಿದಿರುತ್ತಿತ್ತು.

ಅಂಗಡಿಯ ಹಳೆ ಸಾಮಾನಿನಲ್ಲಿ ಆ ಫ್ಲಾಪಿ ಸಿಕ್ಕಿದಾಗ ನಿಧಿ ಸಿಕ್ಕಿದಂತಾಯಿತು. ಆದರೆ ಹಳೇ ಆಟ ಹೊಸ ಕಂಪ್ಯೂಟರಿನಲ್ಲಿ ಸುಲಭಕ್ಕೆ ಕೂರುವುದಿಲ್ಲ. ಮೊದಲ ಸಲ ನಡೆಸಿದಾಗ ಹೊಸ ಯಂತ್ರದ ವೇಗಕ್ಕೆ ಆಟ ಹೇಗೆ ಓಡಿತೆಂದರೆ, ಅವನು ಕೀಲಿ ಮುಟ್ಟುವುದರೊಳಗೆ ಹನ್ನೆರಡು ಜನರ ಗಾಳಿ ಮುಗಿದು ಪಾಪ ಅವರ ತಿಥಿಯೂ ಆಗಿಹೋಗಿತ್ತು. ಮೂರು ತಿಂಗಳು ಕೂತು ಅದರ ಓಟವನ್ನು ತಗ್ಗಿಸಿದ. ಮಾಸಿದ ಬಣ್ಣಗಳನ್ನು, ಕೇಜಿನ ಮೇಲಿದ್ದ ಚಿಕ್ಕ ಬೋರ್ಡನ್ನು ಸಹ ಬಿಡದೆ, ಚುಕ್ಕೆ ಚುಕ್ಕೆಯಾಗಿ ತುಂಬಿದ. ಬೂಷ್ಟು ಹಿಡಿದ ಫ್ಲಾಪಿಯಲ್ಲಿ ಗಣಿಯ ಸೈರನ್ನಿನ ಸದ್ದು ಮಾತ್ರ ಅಳಿಸಿಹೋಗಿತ್ತು. ಅದಕ್ಕೂ ದಾರಿ ಸಿಕ್ಕಿತು. ಇಲ್ಲಿಯ ಗಣಿ ಮುಚ್ಚಿದ ವರ್ಷ, ಕೊನೆಯ ದಿನದ ಸೈರನ್ನನ್ನು, ಇಲ್ಲಿಯವರ ಬಾಯಲ್ಲಿ ಸಂಗು, ಅಪ್ಪ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದ. ವಿಜಯಕುಮಾರ ಅದನ್ನೇ ತೆಗೆದು ಆಟದಲ್ಲಿ ಎರಡು ಕಡೆ ಕೂರಿಸಿದ: ಶಿಫ್ಟ್ ಶುರುವಾಗುವಾಗ ಒಮ್ಮೆ, ಮುಗಿಯುವಾಗ ಒಮ್ಮೆ.

ಇನ್ನು ಉಳಿದದ್ದು ಎರಡನೆಯ ಆಟಗಾರ. ಆಟ ಇಂಟರ್ನೆಟ್ಟಿಗಿಂತ ಹಳೆಯದು. ಇಬ್ಬರೂ ಒಂದೇ ಕಂಪ್ಯೂಟರಿನ ಮುಂದೆ ಭುಜಕ್ಕೆ ಭುಜ ತಾಗಿಸಿ ಕೂರಬೇಕು. ಒಬ್ಬನೇ ಎರಡು ಕೈಯಲ್ಲಿ ಆಡಲು ನೋಡಿ, ಎಡಗೈ ಎತ್ತಿದ್ದನ್ನು ಬಲಗೈ ಇಳಿಸಿ, ಹದಿನೇಳು ಸಲ ಸತ್ತಿದ್ದ. ಪಕ್ಕಕ್ಕೆ ಒಂದು ಕುರ್ಚಿಯನ್ನೂ ಹಾಕಿಟ್ಟಿದ್ದ. ಮೂರು ತಿಂಗಳಿಂದ ಅದರ ಮೇಲೆ ಒಗೆದ ಬಟ್ಟೆಗಳೇ ಕೂತಿದ್ದವು.

ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಅವನು ಆಟ ಶುರು ಮಾಡಿದ. ಸಂಗು ಕೂಗಿತು. ಕಿಟಕಿಯ ಗಾಜು ಅದುರಿತು, ಹೆಂಚಿನ ಮೇಲಿನ ಪಾರಿವಾಳಗಳು ಎದ್ದವು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕೇಳದ ಸದ್ದು ಲೈನಿನ ಈ ತುದಿಯಿಂದ ಆ ತುದಿಗೆ ಹೋಗಿ, ಚಿನ್ನ ತೆಗೆದು ಸುರಿದ ಸಯನೈಡ್ ಮಣ್ಣಿನ ದಿಬ್ಬಕ್ಕೆ ಬಡಿದು ವಾಪಸ್ಸು ಬಂತು.

ಮೊದಲು ಓಡಿಬಂದವರು ಎಡಗಡೆ ಮನೆಯ ಮಾರಿಯಮ್ಮ. ಕೈಯಲ್ಲಿ ಪ್ಲಾಸ್ಟಿಕ್ ಕವರು. ಅದರಲ್ಲಿ ತೀರಿಕೊಂಡ ಗಂಡನ ಸರ್ವಿಸ್ ಕಾರ್ಡು, ಮಗನ ಮಾರ್ಕ್ಸ್ ಕಾರ್ಡು, ಆಧಾರು, ಯಾವುದಕ್ಕೂ ಇರಲಿ ಎಂದು ಕರೆಂಟು ಬಿಲ್ಲು.

“ಲೇ ವಿಜಿ, ಸಂಗು ಕೂಗಿದ್ದು ನಿಮ್ಮನೇಲಾ? ಗಣಿ ತಿರ್ಗಾ ತೆಗೆದ್ರಾ? ಪಕ್ಕದ್ ಮನೇಲಿದ್ಕೊಂಡು ಒಂದ್ ಮಾತು ಯೇಳ್ಬಾರ್ದಾ?”

“ಇಲ್ಲ ಮಾರಿಯಕ್ಕ, ಅದು ಆಟದ್ದು...”

“ನನ್ ಅತ್ರ ಆಟ ಆಡ್ಬೇಡ ಕಣ್ಲಾ. ಮೂವತ್ತ್ ವರ್ಷ ಕೇಳಿದ್ ಸಂಗು ನಂಗೊತ್ತಾಗಲ್ವಾ?”

ಅಷ್ಟರಲ್ಲಿ ಕೋದಂಡಪ್ಪ ಬಂದರು. ಎಂಬತ್ತು ದಾಟಿದ ಮುದುಕರು. ಹಳೆ ಖಾಕಿ ಚಡ್ಡಿ, ತಲೆಗೆ ಹೆಲ್ಮೆಟ್ಟು, ಕಾಲಿಗೆ ಬೂಟು, ಕೈಯಲ್ಲಿ ಬುತ್ತಿ. ಯಾರ ಜೊತೆಗೂ ಮಾತಾಡದೆ ಗೋಡೆಗೊರಗಿ ಕ್ಯೂ ನಿಂತರು. ಒಬ್ಬರು ಕ್ಯೂ ನಿಂತ ಮೇಲೆ ಕೇಳಬೇಕೆ? ಅವರ ಹಿಂದೆ ಹತ್ತು ಜನ ನಿಂತರು, ಯಾತಕ್ಕೆ ಎಂದು ಕೇಳದೆ ಇನ್ನೂ ಹತ್ತು ಜನ ನಿಂತರು. ವಿಜಯಕುಮಾರ ಕಂಪ್ಯೂಟರಿನವನು, ಆದ್ದರಿಂದ ಹೆಸರು ಬರೆದುಕೊಳ್ಳುವವನು ಅವನೇ ಎಂದು ಯಾರೋ ತೀರ್ಮಾನಿಸಿದರು.

ಸುದ್ದಿಗೆ ಕಾಲಿಲ್ಲ, ಮೊಬೈಲ್ ಇದೆ. ಹತ್ತೂವರೆಗೆ ಕ್ಯಾಸಂಬಳ್ಳಿಯಿಂದ ಅಶ್ವತ್ಥಪ್ಪ ಎಂಬ ಅಪರಿಚಿತರು ಹಾಲಿನ ಕ್ಯಾನು ಕಟ್ಟಿದ ಮೊಪೆಡ್ಡಿನಲ್ಲೇ ಬಂದಿಳಿದರು.

“ನಮ್ ಬಾಮೈದನ್ದು ಬಯೋಡಾಟಾ ತಂದಿವ್ನಿ ಸಾರ್. ಒಳಕ್ಕೆ ಇಳಿಯೋದ್ ಬ್ಯಾಡ, ಪುಕ್ಲ ನನ್ಮಗ. ಮೇಲ್ಗಡೆ ಫ್ಯಾನ್ ಕೆಳ್ಗೆ ಕೂರೋ ಅಂಥದ್ದು ಒಂದಿದ್ರೆ ನೋಡಿ.”

ಅದರ ಹಿಂದೆಯೇ ವೇಣು ಹಾರ ಹಿಡಿದು ಬಂದ. ಬರುವ ಚುನಾವಣೆಗೆ ವಾರ್ಡಿನಲ್ಲಿ ನಿಲ್ಲುವ ಆಸೆ ಅವನಿಗಿತ್ತು. ಬಾಗಿಲಲ್ಲಿ ನಿಂತು, “ಬಂಧುಗಳೇ, ನಮ್ಮ ಓರಾಟಕ್ಕೆ ಫಲ ಸಿಕ್ಕಿದೆ!” ಎಂದು ಭಾಷಣ ಹೊಡೆದು, ಹಾರವನ್ನು ಯಾರಿಗೆ ಹಾಕುವುದೆಂದು ತೋಚದೆ ಕಂಪ್ಯೂಟರಿಗೆ ಹಾಕಿದ. ಆಮೇಲೆ ವಿಜಯಕುಮಾರನ ಕಿವಿಯಲ್ಲಿ, “ಏನಣ್ಣ ಇಸ್ಯ? ನಂಗಾದ್ರೂ ಯೇಳು,” ಎಂದ.

ವಿಜಯಕುಮಾರ ಹೇಳಿದ. ಎಲ್ಲರಿಗೂ ಹೇಳಿದ. ಹೇಳಿದಷ್ಟೂ ಜನ ಅವನು ಗುಟ್ಟು ಮುಚ್ಚಿಡುತ್ತಿದ್ದಾನೆ ಎಂದು ಗಟ್ಟಿಯಾಗಿ ನಂಬಿದರು. ಅವನಿಗೆ ನಾಚಿಕೆಯಾಗುತ್ತಿತ್ತು, ಇವರ ಆಸೆಯನ್ನು ಕೆದಕಿಬಿಟ್ಟೆನಲ್ಲ ಎಂದು ಸಂಕಟವಾಗುತ್ತಿತ್ತು. ಆದರೂ ಬಾಗಿಲ ಬಳಿ ಬಿದ್ದಿದ್ದ ಚಪ್ಪಲಿಗಳನ್ನು ಅವನು ಕದ್ದು ಕದ್ದು ಎಣಿಸಿದ. ಇಪ್ಪತ್ತಾರು ಜೊತೆ. ಅಪ್ಪ ತೀರಿಕೊಂಡ ದಿನದ ನಂತರ ಆ ಹೊಸ್ತಿಲಲ್ಲಿ ಅಷ್ಟು ಚಪ್ಪಲಿ ಬಿದ್ದಿರಲಿಲ್ಲ.

ಕೊನೆಗೆ ಬಂದವರು ಬಲಗಡೆ ಮನೆಯ ಕುಪ್ಪುಸ್ವಾಮಿ. ಗಣಿಯಲ್ಲಿ ಇಪ್ಪತ್ತೆಂಟು ವರ್ಷ ಕೇಜಿನ ಎಂಜಿನ್ ನಡೆಸಿದವರು. ರೂಲ್ಸು ಎಂದರೆ ರೂಲ್ಸು. ಒಮ್ಮೆ ತುಂಬಿದ ಕೇಜಿಗೆ ದೊಡ್ಡ ಸಾಹೇಬರೇ ನುಗ್ಗಿದ್ದಕ್ಕೆ, ಅವರು ಇಳಿಯುವವರೆಗೂ ಎಂಜಿನ್ ಮುಟ್ಟಿರಲಿಲ್ಲವಂತೆ. ಸಂಗು ಕೂಗಿದರೆ ಬಾಯಲ್ಲಿದ್ದ ಮಾತನ್ನೂ ಅರ್ಧಕ್ಕೆ ಬಿಟ್ಟು ಮನೆಗೆ ಹೊರಡುವವರು. ಹಾಗೆ ಅರ್ಧಕ್ಕೆ ನಿಂತ ಬೈಗುಳವೊಂದನ್ನು ಮಾರನೆಯ ದಿನ ಡ್ಯೂಟಿಗೆ ಬಂದು ಪೂರ್ತಿ ಮಾಡಿದರೆಂದು ಊರಲ್ಲಿ ಪ್ರತೀತಿ.

“ಯಾರ್ಪಾ ಸಂಗು ಊದಿದ್ದು?” ಕುಪ್ಪುಸ್ವಾಮಿ ಗುಡುಗಿದರು. “ಆರಕ್ಕೆ ಫಸ್ಟು, ಎರಡಕ್ಕೆ ಸೆಕೆಂಡು, ಹತ್ತಕ್ಕೆ ನೈಟು. ಒಂಬತ್ತು ಇಪ್ಪತ್ತಕ್ಕೆ ಯಾವ ಶಿಫ್ಟಯ್ಯಾ?”

ಇನ್ನು ಬೇರೆ ದಾರಿಯಿರಲಿಲ್ಲ. ವಿಜಯಕುಮಾರ ಹಾರ ಸರಿಸಿ, ಸದ್ದು ತಗ್ಗಿಸಿ, ಎಲ್ಲರೆದುರು ಆಟವನ್ನು ಮತ್ತೆ ಶುರು ಮಾಡಿದ. ಸಂಗು ಬಾಕ್ಸಿನಿಂದ ಸಣ್ಣಗೆ ಕೂಗಿತು. ಪರದೆಯ ಮೇಲೆ ಬೂದಿ ಬಣ್ಣದ ಚಂದ್ರ, ಅದರಲ್ಲೊಂದು ಗಣಿಯ ಬಾವಿ.

ಮಾರಿಯಮ್ಮ ಕವರಿನ ಬಾಯಿಯನ್ನು ಸುತ್ತಿ ಸುತ್ತಿ ಗಂಟು ಹಾಕಿದರು. ವೇಣು ಯಾವ ಮಾಯದಲ್ಲೋ ಜಾರಿಕೊಂಡಿದ್ದ. ಕೋದಂಡಪ್ಪ ಹೆಲ್ಮೆಟ್ಟು ತೆಗೆದರು. “ಅಂಗಾರೆ ಇವತ್ತು ಡ್ಯೂಟಿ ಇಲ್ವಾ?” ಎಂದರು. ಜನ ಒಬ್ಬೊಬ್ಬರಾಗಿ ಚಪ್ಪಲಿ ಹುಡುಕತೊಡಗಿದರು.

ಕುಪ್ಪುಸ್ವಾಮಿ ಮಾತ್ರ ಕನ್ನಡಕ ಏರಿಸಿಕೊಂಡು ಪರದೆಯ ಹತ್ತಿರ ಬಗ್ಗಿದ್ದರು.

“ಒಳಗೆ ಎಷ್ಟು ಜನ ಅವ್ರೆ?”

“ಹನ್ನೆರಡು ಮಾಮ.”

“ಗಾಳಿ?”

“ನಲ್ವತ್ತು ನಿಮಿಷಕ್ಕದೆ.”

ಒಳಗೆ ಎಷ್ಟು ಜನ ಎಂದು ಒಬ್ಬರು ಕೇಳಿದ ಮೇಲೆ ಗಣಿಯೂರಿನಲ್ಲಿ ಯಾರೂ ಎದ್ದು ಹೋಗುವುದಿಲ್ಲ. ಹಾಕಿಕೊಂಡಿದ್ದ ಚಪ್ಪಲಿಗಳನ್ನು ಜನ ಮತ್ತೆ ಬಿಟ್ಟರು. ಕುಪ್ಪುಸ್ವಾಮಿ ಕುರ್ಚಿಯ ಮೇಲಿನ ಬಟ್ಟೆಗಳನ್ನು ಎತ್ತಿ ಮಾರಿಯಮ್ಮನ ಮಡಿಲಿಗೆ ಹಾಕಿ ಕೂತರು. “ಬ್ರೇಕು ಯಾವ್ದು? ಇಳಿಸೋದು? ಎತ್ತೋದು? ಸರಿ. ನೀನು ಬೆಲ್ ಒಡಿ. ಬೆಲ್ ಇಲ್ದೆ ನಾನು ಒಂದು ಅಂಗುಲ ಕದಲ್ಸಲ್ಲ.”

ವಿಜಯಕುಮಾರ ಎರಡು ಬೆಲ್ ಹೊಡೆದ. ಕೇಜು ಇಳಿಯಿತು. ಅವನ ಕೈಯಲ್ಲಿ ಗೋಡೆಗೆ ಬಡಿದುಕೊಂಡು ಇಳಿಯುತ್ತಿದ್ದ ಕೇಜು, ಕುಪ್ಪುಸ್ವಾಮಿಯ ಕೈಯಲ್ಲಿ ತಟ್ಟೆಯ ಮೇಲೆ ಮೊಟ್ಟೆ ಇಟ್ಟ ಹಾಗೆ ನೆಲ ಮುಟ್ಟಿತು. ಅವನು ಕತ್ತಲಲ್ಲಿ ಓಡಿದ, ಬಂಡೆ ಸರಿಸಿದ, ಒಬ್ಬೊಬ್ಬರನ್ನೇ ಹುಡುಕಿ ತಂದ. “ಆ ಮೂಲೇಲಿ ನೋಡ್ಲಾ, ಅಲ್ಲಿ ಯಾವಾಗ್ಲೂ ಒಬ್ಬ ಇರ್ತಾನೆ,” ಎಂದು ಕೋದಂಡಪ್ಪ ಹಿಂದಿನಿಂದ ಹೇಳಿದರು. ನಿಜಕ್ಕೂ ಇದ್ದ. ಕುಪ್ಪುಸ್ವಾಮಿಯ ಭುಜ ಅವನ ಭುಜಕ್ಕೆ ಒತ್ತಿಕೊಂಡಿತ್ತು, ನಶ್ಯದ ವಾಸನೆ ಬರುತ್ತಿತ್ತು. ಇಷ್ಟು ಸುಖವಾಗಿ ತಾನು ಯಾವಾಗ ಇದ್ದೆ ಎಂದು ವಿಜಯಕುಮಾರನಿಗೆ ನೆನಪಾಗಲಿಲ್ಲ.

ಹನ್ನೆರಡು ಜನರೂ ಕೇಜು ಹತ್ತಿದರು. ಕೊನೆಗೆ ಕ್ಯಾಪ್ಟನ್ ಹತ್ತಿ ಮೂರು ಬೆಲ್ ಹೊಡೆದ. ಕೇಜು ಕದಲಲಿಲ್ಲ.

“ಎತ್ತಿ ಮಾಮ.”

“ಎಷ್ಟು ತಲೆ?”

“ಹದಿಮೂರು.”

“ಬೋರ್ಡು ಓದು.”

ಕೇಜಿನ ಮೇಲಿನ ಚಿಕ್ಕ ಬೋರ್ಡಿನಲ್ಲಿ ಹನ್ನೆರಡು ಎಂದಿತ್ತು. ಹೋದ ತಿಂಗಳು ಅದಕ್ಕೆ ಬಣ್ಣ ತುಂಬಿದವನು ಅವನೇ.

“ಇದು ಆಟ ಮಾಮ, ಒಬ್ಬ ಜಾಸ್ತಿ ಆದ್ರೂ ನಡೀತದೆ.”

“ಆಟ ಅಂತ ಕೇಜ್ ಎತ್ತೋ ಅಗ್ಗಕ್ಕೆ ಗೊತ್ತಾ?” ಕುಪ್ಪುಸ್ವಾಮಿ ಕೈ ಕಟ್ಟಿ ಕೂತರು. “ಒಬ್ರು ಇಳೀರಿ.”

“ಇಳಿಯೋ ವಿಜಿ, ಕ್ಯಾಪ್ಟನ್ ಅಲ್ವಾ ನೀನು? ಅವ್ರಿಗೆ ಎಂಡ್ತಿ ಮಕ್ಳಿರ್ತಾರೆ,” ಎಂದರು ಮಾರಿಯಮ್ಮ. ಇಡೀ ಮನೆ ಹೌದೆಂದಿತು. ವಿಜಯಕುಮಾರ ಇಳಿದು ಮೂರು ಬೆಲ್ ಹೊಡೆದ.

ಕೇಜು ಏರಿತು. ಚಂದ್ರನ ಬೆಳಕಿಗೆ ಒಬ್ಬೊಬ್ಬರಾಗಿ ಹೊರಬಂದರು. ಮಾರಿಯಮ್ಮ ಜೋರಾಗಿ ಎಣಿಸಿದರು. ಹನ್ನೆರಡು ಎಂದಾಗ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಶ್ವತ್ಥಪ್ಪ ಗುರುತಿಲ್ಲದವರನ್ನೆಲ್ಲ ತಬ್ಬಿಕೊಂಡರು. ವಿಜಯಕುಮಾರ ಕೇಜಿಗಾಗಿ ಎರಡು ಬೆಲ್ ಹೊಡೆದ. ಇನ್ನೊಂದೇ ಸಲ ಇಳಿದು ಏರಿದರೆ ಸಾಕು, ನೀಲಿ ಭೂಮಿ. ಕುಪ್ಪುಸ್ವಾಮಿ ಎಂಜಿನ್ನಿನ ಕೀಲಿಯ ಮೇಲೆ ಬೆರಳಿಟ್ಟರು.

ಆಗ ಸಂಗು ಕೂಗಿತು. ಶಿಫ್ಟ್ ಮುಗಿಯುವ ಸಂಗು, ಅವನೇ ಕೂರಿಸಿದ್ದು.

ಕುಪ್ಪುಸ್ವಾಮಿ ಬೆರಳು ತೆಗೆದರು. ಬ್ರೇಕು ಹಾಕಿದರು. ಎದ್ದರು. ಅವರೊಬ್ಬರೇ ಅಲ್ಲ; ಕೋದಂಡಪ್ಪ ಹೆಲ್ಮೆಟ್ಟು ಹಾಕಿಕೊಂಡರು, ಹೆಂಗಸರಿಗೆ ಒಲೆ ನೆನಪಾಯಿತು, ಅಷ್ಟೂ ಜನ ಒಂದೇ ಸಲಕ್ಕೆ ಬಾಗಿಲ ಕಡೆ ಹರಿದರು. ಇಪ್ಪತ್ತಾರು ಜೊತೆ ಚಪ್ಪಲಿ ಎರಡು ನಿಮಿಷದಲ್ಲಿ ಖಾಲಿಯಾಯಿತು.

“ಮಾಮ, ನಾನಿನ್ನೂ ಕೆಳಗಿದೀನಿ!”

“ಗೊತ್ತು. ನನ್ ಶಿಫ್ಟ್ ಮುಗೀತು. ಮುಂದಿನ ಶಿಫ್ಟ್ ಡ್ರೈವರ್ ಬಂದು ಎತ್ತುತಾನೆ.”

“ಮುಂದಿನ ಶಿಫ್ಟ್ ಎಲ್ಲಿದೆ ಮಾಮ?”

ಹೊಸ್ತಿಲ ಮೇಲೆ ಕುಪ್ಪುಸ್ವಾಮಿ ಒಂದು ಗಳಿಗೆ ನಿಂತರು. ಹೊರಗೆ ತುಕ್ಕು ಹಿಡಿದ ಗಣಿಯ ಚಕ್ರ ಕಾಣುತ್ತಿತ್ತು. “ಬತ್ತಾನಪ್ಪಾ,” ಎಂದರು. “ಬರ್ದೆ ಎಲ್ಲೋಗ್ತಾನೆ? ಕೂತಿರು.”

ಗಾಳಿ ಇನ್ನು ಐದು ನಿಮಿಷಕ್ಕಿತ್ತು. ಸಂಗು ಮತ್ತೆ ಕೂಗಿಸಿದರೆ ಜನ ಬಂದಾರು. ಆದರೆ ಅದಕ್ಕೆ ಆಟವನ್ನು ಮೊದಲಿನಿಂದ ಶುರು ಮಾಡಬೇಕು, ಮೇಲೆ ಬಂದ ಹನ್ನೆರಡು ಜನರನ್ನು ಮತ್ತೆ ಒಳಗೆ ಹಾಕಬೇಕು. ಮಾರಿಯಮ್ಮನ ಕಣ್ಣೀರು ಕಂಡ ಮೇಲೆ ಅದು ಅವನಿಂದಾಗದು. ವಿಜಯಕುಮಾರ ಸುಮ್ಮನೆ ಎರಡು ಬೆಲ್ ಹೊಡೆದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎರಡು ಹೊಡೆದ.

ಬಲಗಡೆ ಗೋಡೆಯ ಆಚೆಯಿಂದ ದನಿ ಬಂತು: “ಯಾರದು ಬೆಲ್ ಒಡೆಯೋದು? ಶಿಫ್ಟ್ ಮುಗೀತು ಅಂದ್ನಲ್ಲಾ!”

ವಿಜಯಕುಮಾರ ಗೋಡೆಯ ಹತ್ತಿರಕ್ಕೆ ಬಾಯಿ ತಂದ. “ನಾಳೆ ಬರ್ತೀರಾ ಮಾಮ?”

ಆಚೆ ಕಡೆ ಕ್ಯಾಲೆಂಡರಿನ ಹಾಳೆ ಮಗುಚಿದ ಸದ್ದಾಯಿತು.

“ನಾಳೆ ಸೋಮವಾರ. ನಂಗೆ ವೀಕ್ಲಿ ಆಫು.”

ಅವನು ತಿರುಗಿ ಪಕ್ಕದ ಕುರ್ಚಿಯನ್ನು ನೋಡಿದ. ಮಾರಿಯಮ್ಮ ಹೋಗುವಾಗ ಬಟ್ಟೆಗಳನ್ನೆಲ್ಲ ನೀಟಾಗಿ ಮಡಿಸಿ, ಮೊದಲಿದ್ದ ಜಾಗದಲ್ಲೇ ಇಟ್ಟು ಹೋಗಿದ್ದರು.